ಬೇಳೆಯ ಚೀಲ

ಆ ವರ್ಷದ ಶ್ರಾವಣದಲ್ಲಿ ಗಜೇಂದ್ರಗಡದ ಪೇಟೆಯಲ್ಲಿ ತೊಗರಿ ಬೇಳೆ ಕೆಜಿಗೆ ತೊಂಬತ್ತೆಂಟು ರೂಪಾಯಿ ಇತ್ತು. ಅಡುಗೆಗೆ ಹಾಕುವ ಒಳ್ಳೆಣ್ಣೆ ನೂರಾ ಹತ್ತು. ತತ್ತಿ ಒಂದಕ್ಕೆ ಆರು. ಹೆಣ್ಣಾಳಿನ ಕೂಲಿ ನೂರೈವತ್ತು, ಅದೂ ಯಾರಾದರೂ ಕರೆದರೆ. ಕರೋನಾ ಬಂದು ಸಂತೆ ನಿಂತು, ಬಸ್ಸು ನಿಂತು, ಗೋವಾಕ್ಕೆ ದುಡಿಯಲು ಹೋದವರೆಲ್ಲ ಗಂಟುಮೂಟೆ ಹೊತ್ತು ಊರಿಗೆ ಮರಳಿದ್ದರು. ಕೆಲಸಕ್ಕೆ ಕರೆಯುವ ಮನೆ ನಾಲ್ಕು, ಕರೆದಾರೆಂದು ಕಾಯುವ ಮನೆ ನಲವತ್ತು. ಒಂದು ಕೆಜಿ ಬೇಳೆ ಬೇಕೆಂದರೆ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಸೊಂಟ ಬಗ್ಗಿಸಿ ಕಳೆ ಕೀಳಬೇಕು.

ಈ ಲೆಕ್ಕ ಅಡಿವೆವ್ವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಊರ ಶಾಲೆಯಲ್ಲಿ ಹದಿನಾರು ವರ್ಷ ಬಿಸಿಯೂಟ ಬೇಯಿಸಿದ ಕೈ ಅವಳದು. ಅಕ್ಷರ ಬರುತ್ತಿರಲಿಲ್ಲ, ಆದರೆ ಅರವತ್ತನಾಲ್ಕು ಮಕ್ಕಳ ಹೊಟ್ಟೆ ಒಂದೊಂದೂ ಗೊತ್ತಿತ್ತು. ಸೋಮವಾರ ಅಕ್ಕಿ ಹೆಚ್ಚು ಹಾಕಬೇಕು ಎಂಬುದು ಅವಳೇ ಕಂಡುಕೊಂಡ ಕಾನೂನು. ರವಿವಾರ ಶಾಲೆ ಇರುವುದಿಲ್ಲವಲ್ಲ, ಸೋಮವಾರ ಕೆಲವು ಮಕ್ಕಳು ಎರಡು ದಿನದ್ದನ್ನು ಒಟ್ಟಿಗೆ ಉಣ್ಣುತ್ತಿದ್ದವು. ಈಗ ಶಾಲೆ ಮುಚ್ಚಿ ನಾಲ್ಕು ತಿಂಗಳು ಆಗಿತ್ತು. ಆ ಮಕ್ಕಳ ಪಾಲಿಗೆ ನಾಲ್ಕು ತಿಂಗಳಿಂದ ಬರೀ ರವಿವಾರ.

ಹಾಗಾಗಿ ಸರ್ಕಾರ ಬಿಸಿಯೂಟದ ಬದಲು ಕಾಳುಕಡಿಯನ್ನೇ ಮನೆಗೆ ಕೊಡುತ್ತದೆ ಎಂದು ಸುದ್ದಿ ಬಂದಾಗ ಅಡಿವೆವ್ವನೇ ಓಣಿ ಓಣಿ ತಿರುಗಿ ಹೇಳಿ ಬಂದಳು. ಮಗುವಿಗೆ ಐದು ಕೆಜಿಯ ಮೇಲೆ ಅಕ್ಕಿ, ಮೂರು ಕೆಜಿ ಬೇಳೆ. ಮನೆಯಿಂದ ಎರಡು ಚೀಲ ತರಬೇಕು, ಅಕ್ಕಿಗೊಂದು, ಬೇಳೆಗೊಂದು.

ಆಷಾಢದ ಕೊನೆಗೆ ಅಕ್ಕಿ ಬಂತು. ಬೇಳೆ ಬಂದಿರಲಿಲ್ಲ. ಹೆಡ್ ಮಾಸ್ತರ ಫಕೀರೇಶ ಒಳ್ಳೆಯ ಮನುಷ್ಯನೇ, ಆದರೆ ಮೇಲಿನವರ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಮನುಷ್ಯ. ಅವತ್ತು ಸಂಜೆಯೊಳಗೆ ಸಹಿಯಾದ ಪಟ್ಟಿ ರೋಣದ ಶಿಕ್ಷಣ ಕಚೇರಿಗೆ ಹೋಗಬೇಕಂತೆ.

"ಅಡಿವೆವ್ವ, ಅಕ್ಕಿಗೂ ಬ್ಯಾಳಿಗೂ ಕೂಡೇ ಹೆಬ್ಬಟ್ಟ ಒತ್ತಿಸಿಬಿಡು. ಬ್ಯಾಳಿ ಎಂಟ ದಿನದಾಗ ಬರತೈತಿ. ಬ್ಯಾಳಿ ಚೀಲ ಇಲ್ಲೇ ಇಟ್ಟು ಹೋಗ್ಲಿ, ತುಂಬಿ ಇಟ್ಟಿರ್ತೀವಿ. ಗದ್ಲ ಬ್ಯಾಡ, ಕರೋನಾ."

"ಬರದs ಇದ್ದದ್ದಕ್ಕ ಹೆಬ್ಬಟ್ಟ ಹ್ಯಾಂಗ್ರಿ ಮಾಸ್ತರ?" ಎಂದು ಕೇಳಿದವಳು ರೇಣವ್ವ. ಮಳೆಗಾಲ ಊರಲ್ಲಿ, ಉಳಿದ ದಿನ ಗೋವಾದಲ್ಲಿ ಕಲ್ಲು ಮಣ್ಣು ಹೊತ್ತು ಬದುಕುವವಳು, ಆ ಬೇಸಿಗೆಯಲ್ಲಿ ಎರಡು ಮಕ್ಕಳೊಂದಿಗೆ ಮರಳಿದ್ದಳು. ಊರೂರು ನೋಡಿದವಳು, ಕೇಳುವ ಧೈರ್ಯವಿತ್ತು.

ಅಡಿವೆವ್ವ ಶಾಯಿಯ ಡಬ್ಬಿ ಅವಳ ಮುಂದೆ ಹಿಡಿದಳು. "ಒತ್ತs ನಮ್ಮವ್ವ. ನಾ ಇಲ್ಲೇನು? ನಿನ್ನ ಮಕ್ಕಳ ಬ್ಯಾಳಿ ಎಲ್ಲಿ ಹೋಗತೈತಿ?"

ರೇಣವ್ವ ಒತ್ತಿದಳು. ಅವಳ ಹಿಂದಿದ್ದವರೂ ಒತ್ತಿದರು. ಮಾಸ್ತರ ಹೇಳಿದ್ದಕ್ಕಲ್ಲ, ಅಡಿವೆವ್ವ ಹೇಳಿದಳು ಎಂದು.

ಬೇಳೆಯ ಚೀಲಗಳನ್ನು ಅವಳು ಅಡುಗೆ ಕೋಣೆಗೆ ಒಯ್ದಳು. ಹಳೇ ಸೀರೆಯದು, ಕುಪ್ಪಸದ ಬಟ್ಟೆಯದು, ಸಣ್ಣದಾದ ಯೂನಿಫಾರ್ಮ್ ಲಂಗದ್ದು, ಎಲ್ಲ ಕೈಹೊಲಿಗೆ. ಮೇಲೆ ಮಕ್ಕಳು ತಮ್ಮ ತಮ್ಮ ಹೆಸರು ಪೆನ್ನಿನಲ್ಲಿ ದಪ್ಪಗೆ ತಿದ್ದಿದ್ದವು. ಇಲಿ ಕಡಿಯಬಾರದೆಂದು ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಅರವತ್ತನಾಲ್ಕನ್ನೂ ನೇತುಹಾಕಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡಳು.

ಶ್ರಾವಣದ ಎರಡನೇ ವಾರ ಬೇಳೆಯ ಲಾರಿ ಊರಿಗೆ ಬಂತು. ಶಾಲೆಗೆ ಬರಲಿಲ್ಲ. ಶಾಲೆಯ ಉಗ್ರಾಣ ಸೋರುತ್ತದೆ ಎಂದು ಶಾಲಾ ಕಮಿಟಿಯ ಅಧ್ಯಕ್ಷ ಸಿದ್ದಲಿಂಗನ ಗೋದಾಮಿನಲ್ಲಿ ನಾಲ್ಕು ಚೀಲ ಇಳಿಸಿದರು. ಸಿದ್ದಲಿಂಗನದು ಅಜ್ಜನ ಕಾಲದಿಂದ ಮಾತು ನಡೆದ ಮನೆತನ. ಊರಲ್ಲಿ ಎಂಬತ್ತು ಎಕರೆ, ಗಜೇಂದ್ರಗಡದಲ್ಲಿ ಕಾಳಿನ ಅಂಗಡಿ. ಉಗ್ರಾಣ ಸೋರುವುದು ಸುಳ್ಳಲ್ಲವಾದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಎಂಟು ದಿನ ಹದಿನೈದಾಯಿತು, ತಿಂಗಳಾಯಿತು. ಕೇಳಿದಾಗೆಲ್ಲ ಮಾಸ್ತರ, "ಅಧ್ಯಕ್ಷರಿಗೆ ಹೇಳೇನಿ" ಎನ್ನುತ್ತಿದ್ದ. ಗಣಪತಿ ಹಬ್ಬ ಮುಗಿಯಿತು. ಮಹಾನವಮಿ ಅಮಾವಾಸ್ಯೆಯೂ ಬಂತು.

ಒಂದು ಮುಂಜಾನೆ ನೀರಿನ ಟಾಕಿಯ ಹತ್ತಿರ ಚಮನಬಿ ನಗೆಯಾಡಿದಳು. ಅಡುಗೆ ಕೋಣೆಯಲ್ಲಿ ಅಡಿವೆವ್ವನ ಜೊತೆಗಾತಿ ಅವಳು. "ಅಕ್ಕಾ, ನಿನ್ನ ಬ್ಯಾಳಿ ಗೋವಾಕ್ಕ ದುಡಿಯಾಕ ಹೋಗೇತೇನು? ಎರಡ ತಿಂಗಳಾತು, ಒಂದ ಫೋನರೇ ಮಾಡವಲ್ತು."

ಎಲ್ಲರೂ ನಕ್ಕರು. ರೇಣವ್ವ ನಗಲಿಲ್ಲ. ಕೊಡ ಕೆಳಗಿಟ್ಟಳು.

"ನನ್ನ ಮಕ್ಕಳು ಎರಡ ತಿಂಗಳಿಂದ ಅನ್ನಕ್ಕ ಖಾರದಪುಡಿ ಕಲಿಸ್ಕೊಂಡು ಉಣ್ಣಾಕತ್ತಾವು ಅಡಿವೆವ್ವಕ್ಕಾ. ಸಣ್ಣದು ದಿನಾ ಕೇಳತೈತಿ, ಸಾಲಿ ಸಾರು ಯಾವಾಗ ಅಂತ. ಏನ್ ಹೇಳ್ಲಿ? ನಾ ಮಾಸ್ತರಗ ಕೇಳಿದ್ದೆ. ನೀ ಶಾಯಿ ಹಿಡದಿ. ನಿನ್ನ ಮಾರಿ ನೋಡಿ ಒತ್ತಿದೆ."

ಅಡಿವೆವ್ವನಿಗೆ ಮೈ ಉರಿಯಿತು. ರೇಣವ್ವನ ಮೇಲಲ್ಲ, ತನ್ನ ಮೇಲೆಯೇ. ಮಾಲು ಕಣ್ಣಿಗೆ ಬೀಳುವ ಮೊದಲು ದುಡ್ಡು ಕೊಟ್ಟವಳಲ್ಲ ಅವಳು. ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುವವಳು. ಊರ ಮಂದಿಯ ಹೆಬ್ಬೆಟ್ಟನ್ನು ಮಾತ್ರ ಕಾಣದ ಬೇಳೆಗೆ ಕೊಡಿಸಿದ್ದಳು. ಕೊಡ ತುಂಬಿಸದೆ ಮನೆಗೆ ಬಂದು, ಚಪ್ಪಲಿ ಮೆಟ್ಟಿ, ಗಜೇಂದ್ರಗಡಕ್ಕೆ ಹೋಗುವ ಟಂಟಂ ಆಟೋ ಹತ್ತಿದಳು.

ಸಿದ್ದಲಿಂಗ ಅಂಗಡಿಯ ಗಾದಿಯ ಮೇಲೆ ಕುಳಿತು ಫೋನಿನಲ್ಲಿ ದರ ಕೇಳುತ್ತಿದ್ದ. ಅವಳನ್ನು ಕಂಡು ಕಣ್ಣಲ್ಲೇ ಕೂರಲು ಹೇಳಿದ. ಅವಳು ಕೂರಲಿಲ್ಲ.

"ಸಾವ್ಕಾರ್ರ, ಮಕ್ಕಳ ಬ್ಯಾಳಿ?"

"ಬರತೈತಿ ತಡಿ."

"ಎಲ್ಲಿಂದ ಬರತೈತ್ರಿ? ಬಂದು ಎರಡ ತಿಂಗಳಾತು. ನಿಮ್ಮ ಗೋದಾಮಿನ್ಯಾಗ ಇಳದದ್ದು ಇಡೀ ಊರು ನೋಡೇತಿ."

ಸಿದ್ದಲಿಂಗ ಫೋನು ಬದಿಗಿಟ್ಟು, ದಡ್ಡ ಮಗುವಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದ. "ನೋಡವ್ವ, ಕಾಳು ಇಟ್ರ ನುಸಿ ಹಿಡಿತೈತಿ. ದರ ಬಂದಿತ್ತು, ಮಾಲು ತಿರುಗಿಸೇನಿ. ತೊಂಬತ್ತೆಂಟಕ್ಕ ಮಾರೇನಿ. ಸಂಕ್ರಾಂತಿಗೆ ಹೊಸ ತೊಗರಿ ಬಂತಂದ್ರ ಎಂಬತ್ತಕ್ಕ ಇಳಿತೈತಿ. ಆಗ ತೂಕಕ್ಕ ತೂಕ, ಹೊಸಾ ಮಾಲು, ಸಾಲಿಗೆ ಹಾಕ್ತೀನಿ. ಒಂದ ಕಾಳು ಕಡಿಮಿ ಆದ್ರ ಕೇಳು. ಇದರಾಗ ಕಳವು ಎಲ್ಲೈತಿ?"

ಅವನ ಮುಖದಲ್ಲಿ ಕಳ್ಳನ ಅಳುಕು ಒಂಚೂರೂ ಇರಲಿಲ್ಲ. ಅಡಿವೆವ್ವನ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಕದ್ದವನಾದರೆ ಅಂಜುತ್ತಾನೆ. ಇವನಿಗೆ ಇದು ದಿನದ ವ್ಯಾಪಾರ. ಅವಳು ನಿಂತಲ್ಲೇ ಬೆರಳ ಗೆಣ್ಣು ಎಣಿಸಿದಳು. ಕೆಜಿಗೆ ಹದಿನೆಂಟು ಉಳಿತಾಯ, ಮೂರು ಕೆಜಿಗೆ ಐವತ್ತನಾಲ್ಕು.

"ಒಂದ ಕೂಸಿನ ಮ್ಯಾಲೆ ಐವತ್ನಾಲ್ಕ ರೂಪಾಯಿ," ಎಂದಳು. "ಐವತ್ನಾಲ್ಕ ರೂಪಾಯಿ ಸಲುವಾಗಿ ಆರು ತಿಂಗಳ ಖಾರದಪುಡಿ ಉಣಿಸಾಕತ್ತೀರಿ. ಶ್ರಾವಣದಾಗ ಹಸದ ಹೊಟ್ಟಿಗೆ ಸಂಕ್ರಾಂತಿಗೆ ಉಣಿಸ್ತೀರೇನ್ರಿ? ನಿಮ್ಮ ಮೊಮ್ಮಗಗ ಹಂಗ ಮಾಡ್ರಿ ನೋಡೋಣು. ಇವತ್ತಿನ ಹಾಲು ಮಾರ್ರಿ, ದರ ಇಳದ ಮ್ಯಾಲೆ ಕುಡಸ್ರಿ."

ಅಂಗಡಿಯ ಹಮಾಲನೊಬ್ಬ ಮುಖ ತಿರುಗಿಸಿ ನಗು ನುಂಗಿದ. ಸಿದ್ದಲಿಂಗನ ಕಿವಿ ಕೆಂಪಾಯಿತು. ಆದರೂ ತಾಳ್ಮೆಯಿಂದಲೇ ಎರಡು ಕೆಜಿ ಬೇಳೆ ತೂಗಿಸಿ, ಪೊಟ್ಟಣ ಕಟ್ಟಿಸಿ ಅವಳತ್ತ ಸರಿಸಿದ.

"ತಗೋ. ನಿನಗ. ಮನಿಗೆ ಹೋಗು."

"ಇದು ಯಾರ ಹೆಸರಿನ ಬ್ಯಾಳಿ ಸಾವ್ಕಾರ್ರ? ಅರವತ್ನಾಲ್ಕ ಮಂದ್ಯಾಗ ಯಾವ ಕೂಸಿಂದು?"

"ಭಾಳ ಮಾತಾಡಾಕತ್ತಿ. ನಾಳೆ ಸಾಲಿ ತಗದ್ರ ಅಡಗಿಗೆ ಯಾರು ಬೇಕು, ಯಾರು ಬ್ಯಾಡ ಅನ್ನೋದು ಕಮಿಟಿ ಕೈಯಾಗ ಐತಿ. ತಿಳಕೊ."

ಪೊಟ್ಟಣ ಅಲ್ಲೇ ಬಿಟ್ಟು ಅವಳು ಹೊರಬಂದಳು. ಹನ್ನೆರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಅವಳ ಒಲೆ ಉರಿದದ್ದು ಆ ಕೆಲಸದಿಂದಲೇ. ಟಂಟಮ್ಮಿನಲ್ಲಿ ಊರಿಗೆ ಬರುವಷ್ಟು ಹೊತ್ತೂ ಅದನ್ನೇ ಯೋಚಿಸಿದಳು. ರೇಣವ್ವನ ಸಣ್ಣ ಕೂಸಿನ ಮಾತನ್ನೂ ಯೋಚಿಸಿದಳು. ಊರು ಬರುವ ಹೊತ್ತಿಗೆ ಸಿಟ್ಟು ಇಳಿದಿರಲಿಲ್ಲ, ಗಟ್ಟಿಯಾಗಿತ್ತು.

ದಸರೆ ಕಳೆದು ನಾಲ್ಕನೇ ದಿನ ರೋಣದಿಂದ ಸಾಹೇಬರು ತಪಾಸಣೆಗೆ ಬಂದರು. ಶಾಲೆಯ ಕಟ್ಟೆಯ ಮೇಲೆ ಕುರ್ಚಿ, ಟೇಬಲ್ಲು, ಟೇಬಲ್ಲಿನ ಮೇಲೆ ಹೂವು. ಸಿದ್ದಲಿಂಗ ಬಿಳಿ ಅಂಗಿ ತೊಟ್ಟು ಬಂದಿದ್ದ. ಫಕೀರೇಶ ಮಾಸ್ತರ ರಜಿಸ್ಟರ್ ಬಿಚ್ಚಿ ತೋರಿಸಿದ. ಅಕ್ಕಿಯ ಎದುರು ಅರವತ್ತನಾಲ್ಕು ಹೆಬ್ಬೆಟ್ಟು, ಬೇಳೆಯ ಎದುರೂ ಅರವತ್ತನಾಲ್ಕು. ಸಾಹೇಬರು ಹಾಳೆ ತಿರುವಿ ತಲೆಯಾಡಿಸಿದರು.

"ಅಡಿವೆವ್ವ, ಸಾಹೇಬ್ರಿಗೆ ಛಾ," ಎಂದು ಸಿದ್ದಲಿಂಗ ಕೂಗಿದ.

ಅವಳು ಅಡುಗೆ ಕೋಣೆಯ ಬೀಗ ತೆಗೆದು ಒಲೆ ಹಚ್ಚಿದಳು. ಚಹಾ ಕುದಿಯಿತು. ಆದರೆ ಕಪ್ಪಿಗೆ ಸುರಿಯಲಿಲ್ಲ. ಬಾಗಿಲಿಗೆ ಬಂದು ನಿಂತಳು.

ಮೂರು ವರ್ಷದ ಹಿಂದೆ ರೋಣದಲ್ಲಿ ಅಡುಗೆಯವರಿಗೆಲ್ಲ ಒಂದು ದಿನದ ತರಬೇತಿ ನಡೆದಿತ್ತು. ಆಗ ಇದೇ ಸಾಹೇಬರು ಮೈಕು ಹಿಡಿದು ಹೇಳಿದ್ದರು: ದೊಡ್ಡವರೊಬ್ಬರು ಒಳಗೆ ಬಂದು ರುಚಿ ನೋಡದೆ ಅಡುಗೆ ಕೋಣೆಯಿಂದ ಒಂದು ತುತ್ತೂ ಹೊರಗೆ ಹೋಗಬಾರದು, ಯಾವ ಅಧಿಕಾರಿಯೇ ಇರಲಿ, ಅಡುಗೆಯವರು ಕರೆದರೆ ಎದ್ದು ಬರಬೇಕು. ಅಂದಿನಿಂದ ಅಡಿವೆವ್ವ ಒಂದು ದಿನವೂ ಅದನ್ನು ತಪ್ಪಿಸಿರಲಿಲ್ಲ. ಮಾಸ್ತರ ನೆಗಡಿಯಾಗಿ ಮೂಗು ಕಟ್ಟಿದ ದಿನವೂ ಚಮಚ ಅವನ ಬಾಯಿಗೆ ಹಿಡಿದೇ ಮಕ್ಕಳಿಗೆ ಬಡಿಸಿದ್ದಳು.

"ಸಾಹೇಬ್ರ," ಎಂದಳು, "ರುಚಿ ನೋಡಲಾರದ ಈ ಖೋಲ್ಯಾಗಿಂದ ಏನೂ ಹೊರಗ ಹೋಗಂಗಿಲ್ರಿ. ನೀವs ಹೇಳಿದ್ರಿ. ಬರ್ರಿ."

"ಛಾಕ್ಕ ಎಂಥಾ ರುಚಿ?" ಸಿದ್ದಲಿಂಗ ಗದರಿದ. "ಇಲ್ಲೇ ತಗೊಂಬಾ."

ಸಾಹೇಬರು ನಕ್ಕರು. ತಮ್ಮ ಮಾತನ್ನು ಮೂರು ವರ್ಷ ನೆನಪಿಟ್ಟವರು ಅವರಿಗೆ ಹೆಚ್ಚು ಸಿಕ್ಕಿರಲಿಲ್ಲವೇನೋ. ರಜಿಸ್ಟರ್ ಕೈಯಲ್ಲಿ ಹಿಡಿದೇ ಎದ್ದು ಬಂದು, ಬಾಗಿ ಒಳಗೆ ಕಾಲಿಟ್ಟರು. ತಲೆಗೆ ಏನೋ ತಾಗಿತು. ಕತ್ತೆತ್ತಿ ನೋಡಿದರು. ಗೋಡೆಯಿಂದ ಗೋಡೆಗೆ ಚೀಲಗಳು.

"ಇವೇನವ್ವ?"

"ಆ ಬುಕ್ಕಿನ್ಯಾಗ ಬ್ಯಾಳಿಗೆ ಹೆಬ್ಬಟ್ಟ ಒತ್ಯಾರಲ್ರಿ, ಅವರ ಮಕ್ಕಳ ಬ್ಯಾಳಿ ಚೀಲ. ಹೆಸರು ಬರದಾವು. ನನಗ ಓದಾಕ ಬರಂಗಿಲ್ಲ, ನೀವು ಓದ್ರಿ."

ಸಾಹೇಬರು ಒಂದು ಹೆಸರು ಓದಿ ರಜಿಸ್ಟರಿನಲ್ಲಿ ಬೆರಳಿಟ್ಟರು. ಇನ್ನೊಂದು ಓದಿದರು. ನಾಲ್ಕನೆಯದಕ್ಕೆ ಅವರ ನಗು ಹೋಯಿತು.

"ಅವು ಹಳೇ ಚೀಲ್ರಿ ಸಾಹೇಬ್ರ," ಎಂದು ಸಿದ್ದಲಿಂಗ ಹಿಂದಿನಿಂದ ನುಗ್ಗಿ ಬಂದ. ಹತ್ತು ವರ್ಷದಿಂದ ಅಧ್ಯಕ್ಷನಾಗಿದ್ದವನು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. "ಬ್ಯಾಳಿ ಒಯ್ದು ಚೀಲ ಬಿಟ್ಟು ಹೋಗ್ಯಾರ."

ಅಡಿವೆವ್ವ ಒಂದು ಚೀಲ ಇಳಿಸಿ, ಒಳಗಿನದನ್ನು ಹೊರಗೆ ಮಾಡಿ ಅವನ ಮೂಗಿನ ಮುಂದೆ ಜಾಡಿಸಿದಳು. "ಕಾಳಿನ ವ್ಯಾಪಾರಿ ನೀವು. ಬ್ಯಾಳಿ ತುಂಬಿದ ಚೀಲದ ಹೊಲಿಗ್ಯಾಗ ಹಳದಿ ಹಿಟ್ಟು ಕುಂತಿರತೈತಿ, ತೊಳದ್ರೂ ಹೋಗಂಗಿಲ್ಲ. ಹೌದಲ್ರಿ? ಹುಡುಕ್ರಿ. ಅರವತ್ನಾಲ್ಕ ಅದಾವು. ಒಂದರಾಗ ಸಿಕ್ರ ನಾ ಸುಳ್ಳಿ."

ಎರಡನೆಯದನ್ನು ಜಾಡಿಸಿದಳು. ಮೂರನೆಯದನ್ನೂ. ಮಡಿಕೆಯ ಧೂಳು ಬಿಟ್ಟರೆ ಏನೂ ಉದುರಲಿಲ್ಲ. ಬಾಗಿಲಲ್ಲಿ ಫಕೀರೇಶ ಮಾಸ್ತರ ಬೆವರು ಒರೆಸಿಕೊಂಡು ನಿಂತಿದ್ದ.

"ಮಾಸ್ತರ, ಬಾಯಿ ಬಿಡ್ರಿ," ಎಂದಳು ಅವಳು. "ಹೆಬ್ಬಟ್ಟ ಒತ್ತಿಸಿದವರು ನಾವಿಬ್ಬರು. ನಾ ನನ್ನ ತಪ್ಪು ಹೇಳಾಕತ್ತೀನಿ. ನಿಮ್ಮದು ನೀವು ಹೇಳ್ರಿ."

ಮಾಸ್ತರ ಸಿದ್ದಲಿಂಗನ ಮುಖ ನೋಡಿದ, ಚೀಲಗಳನ್ನು ನೋಡಿದ. "ಬ್ಯಾಳಿ ಕೊಟ್ಟಿಲ್ಲ ಸರ್," ಎಂದ.

ಸಾಹೇಬರು ಚಹಾ ಕುಡಿಯಲಿಲ್ಲ. ಬೇಳೆಯ ಪುಟದ ಮೇಲೆ ಉದ್ದಕ್ಕೆ ಗೆರೆ ಎಳೆದು, ನಾಲ್ಕು ದಿನದೊಳಗೆ ಬೇಳೆ ಚೀಲಕ್ಕೆ ಬೀಳದಿದ್ದರೆ ಪೊಲೀಸ್ ಕಂಪ್ಲೇಂಟು ಎಂದು ಬರೆದು, ಸಿದ್ದಲಿಂಗನ ಸಹಿ ಹಾಕಿಸಿಕೊಂಡು ಹೋದರು.

ಮೂರನೇ ದಿನ ಬೇಳೆ ಬಂತು. ದರ ಅಷ್ಟರಲ್ಲಿ ನೂರಾ ಹದಿನೆಂಟಕ್ಕೆ ಏರಿತ್ತು. ತೊಂಬತ್ತೆಂಟಕ್ಕೆ ಮಾರಿದ್ದನ್ನು ಸಿದ್ದಲಿಂಗ ಅದೇ ಪೇಟೆಯಲ್ಲಿ ನೂರಾ ಹದಿನೆಂಟು ಕೊಟ್ಟು ಕೊಂಡು ತಂದ. ಅಡಿವೆವ್ವ ತಕ್ಕಡಿಯ ಮುಂದೆ ಕುಳಿತು ಒಂದೊಂದೇ ಚೀಲ ತುಂಬಿದಳು. ಮೂರು ಕೆಜಿಗೆ ಮುಳ್ಳು ನಿಂತ ಮೇಲೂ, ಸಿದ್ದಲಿಂಗ ನೋಡುತ್ತಿದ್ದಂತೆಯೇ, ಪ್ರತಿ ಚೀಲಕ್ಕೆ ಒಂದು ಹಿಡಿ ಮೇಲೆ ಹಾಕಿದಳು. ಅವನು ಬಾಯಿ ತೆರೆದ. ಅವಳು ತಲೆಯೆತ್ತಿ ನೋಡಿದಳು. ಅವನು ಬಾಯಿ ಮುಚ್ಚಿದ.

ತಾಯಂದಿರು ಬಂದರು, ಚೀಲ ಎತ್ತಿಕೊಂಡು ಹೋದರು. ಸಂಜೆಗೆ ಹಗ್ಗದ ಕೆಳಗೆ ಹನ್ನೊಂದು ಚೀಲ ಉಳಿದವು.

"ಇವು ಯಾರವು?" ಎಂದು ಅಡಿವೆವ್ವ ಕೇಳಿದಳು.

ಚಮನಬಿ ಹೆಸರು ಓದಿದಳು. ಅವಳ ದನಿಯಲ್ಲಿ ಅವತ್ತು ನಗೆ ಇರಲಿಲ್ಲ. "ಗೋವಾಕ್ಕ ಹೋದವರವು ಅಕ್ಕಾ. ಬಸ್ಸು ಚಾಲೂ ಆತಲ್ಲ, ದಸರಿ ಮರುದಿನಾನ ಮಕ್ಕಳನ್ನೂ ಕರಕೊಂಡು ಹೋದ್ರು. ಈ ಎರಡು ರೇಣವ್ವಂದು."

ಎರಡೂ ಹಸಿರು ಸೀರೆಯ ತುಂಡಿನಲ್ಲಿ ಹೊಲಿದವು. ಒಂದರ ಮೇಲಿನ ಹೆಸರು ನೆಟ್ಟಗಿತ್ತು, ಇನ್ನೊಂದರದು ಸಣ್ಣ ಕೂಸು ಬರೆದದ್ದು, ಅಕ್ಷರ ಕೆಳಗೆ ಜಾರಿದ್ದವು. ಅಡಿವೆವ್ವ ಅವನ್ನು ತೊಡೆಯ ಮೇಲಿಟ್ಟುಕೊಂಡು, ಜಾರಿದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಹನ್ನೊಂದನ್ನೂ ಬಿಚ್ಚಿ ಬೇಳೆಯನ್ನು ಶಾಲೆಯ ದೊಡ್ಡ ಡಬ್ಬಿಗೆ ಸುರಿದಳು. ಹಾಜರಿಲ್ಲದವರ ಮಾಲು ಮುಂದಿನ ಕಂತಿಗೆ ಜಮಾ ಎಂದು ಮಾಸ್ತರ ಬರೆದುಕೊಂಡ. ಈ ಸಲ ಬರೆಯುವ ಮೊದಲು ತೂಗಿದ.

ಮುಂದಿನ ವರ್ಷ ಶಾಲೆಯ ಬಾಗಿಲು ತೆರೆದಾಗ ಕಮಿಟಿ ಬೇರೆ ಅಡುಗೆಯವಳನ್ನು ನೇಮಿಸಿತು. ಅಧ್ಯಕ್ಷ ಸಿದ್ದಲಿಂಗನೇ ಇದ್ದ.

ಐವತ್ತಮೂರು ಮಕ್ಕಳಿಗೆ ಮೂರು ಮೂರು ಕೆಜಿ ಬೇಳೆ ಸಿಕ್ಕಿತು, ಮೇಲೊಂದು ಹಿಡಿ. ಹನ್ನೊಂದು ಮಕ್ಕಳಿಗೆ ಸಿಗಲಿಲ್ಲ. ಸಿದ್ದಲಿಂಗನಿಗೆ ಕೆಜಿಗೆ ಇಪ್ಪತ್ತು ರೂಪಾಯಿ ಲುಕ್ಸಾನಾಯಿತು. ಅಡಿವೆವ್ವನ ಹದಿನಾರು ವರ್ಷದ ಕೆಲಸ ಹೋಯಿತು.