ಡೈಸಿಯ ಬೆರಕೆ ಮರಿಗಳು

ಆ ನಾಯಿಯನ್ನು ಕಂಡರೆ ಅಕ್ಕಯ್ಯಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂಗಿರಬೇಕಾದ ಜಾಗದಲ್ಲಿ ಎರಡು ತೂತು, ಸುತ್ತ ಮಡಿಕೆ ಬಿದ್ದ ಚರ್ಮ, ಆ ಮಡಿಕೆಗಳಲ್ಲಿ ಸದಾ ಕೀವು. ನಡೆದರೆ ಏದುಸಿರು, ಮಲಗಿದರೆ ಗೊರಕೆ. ಹತ್ತಿರ ಹೋದವರ ಮೇಲೆಲ್ಲ ಗುರ್ರೆನ್ನುತ್ತಿತ್ತು. ಎರಡು ಸಲ ಅವಳ ಕಾಲಿಗೇ ಬಾಯಿ ಹಾಕಿತ್ತು. ಹೆಸರು ಮಾತ್ರ ಡೈಸಿ. ಬೆಂಗಳೂರಿನ ದಂಡಿನಲ್ಲಿದ್ದ ಮುದಿ ದೊರೆಯೊಬ್ಬ ೧೯೫೯ರಲ್ಲಿ ತನ್ನ ಸೀಮೆಗೆ ಹೊರಡುವಾಗ ಇದನ್ನು ಅವಳ ತಮ್ಮ ರಾಮಾಂಜಿನಪ್ಪನಿಗೂ, ಇದರ ಜೊತೆ ಹುಟ್ಟಿದ ಗಂಡು ಮರಿಯನ್ನು ಚಿಕ್ಕಬಳ್ಳಾಪುರದ ಗಿರಣಿಯವರೊಬ್ಬರಿಗೂ ಕೊಟ್ಟುಹೋಗಿದ್ದ. ಅಂದಿನಿಂದ ರಾಮಾಂಜಿನಪ್ಪ ಶಿಡ್ಲಘಟ್ಟದ ಸುತ್ತಲ ಹಳ್ಳಿಗಳಲ್ಲೆಲ್ಲ "ಜಾತಿ ನಾಯಿ ಕಣಯ್ಯ, ಬುಲ್‌ಡಾಗು" ಎಂದು ಮೆರೆದದ್ದೇ ಮೆರೆದದ್ದು.

ರಾಮಾಂಜಿನಪ್ಪ ಬರೀ ತಮ್ಮನಲ್ಲ, ಅಳಿಯನೂ ಹೌದು. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ತವರಿಗೆ ಬಂದ ಅಕ್ಕಯ್ಯಮ್ಮ, ದೊಡ್ಡವಳಾದ ಶ್ಯಾಮಲಮ್ಮನನ್ನು ಅವನಿಗೇ ಕೊಟ್ಟು ಮದುವೆ ಮಾಡಿದ್ದಳು. ಸೋದರಮಾವನಿಗೆ ಕೊಡುವುದು ಮನೆತನದ ಪದ್ಧತಿ. ಹುಡುಗಿ ಕಣ್ಣೆದುರಿಗೇ ಇರುತ್ತಾಳೆ, ಜಮೀನೂ ಹೊರಗೆ ಹೋಗುವುದಿಲ್ಲ. ಎಂಟು ವರ್ಷದಲ್ಲಿ ಶ್ಯಾಮಲಮ್ಮ ಮೂರು ಹೆತ್ತಳು, ಒಂದಕ್ಕೂ ವರ್ಷ ತುಂಬಲಿಲ್ಲ. ಮನೆದೇವರ ಮುನಿಸು ಎಂದರು. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ನಿಲ್ಲಿಸಿ ಬಂದರು.

ಈಗ ರಾಮಾಂಜಿನಪ್ಪ ಹೊಸ ರಾಗ ತೆಗೆದಿದ್ದ. ದೊಡ್ಡವಳ ಕೈಲಿ ಆಗಲಿಲ್ಲ, ಚಿಕ್ಕವಳಾದ ವರಲಕ್ಷ್ಮಿಯನ್ನೂ ತನಗೇ ಕೊಡಬೇಕು. ಎರಡನೇ ಹೆಂಡತಿ ಕೂಡದೆಂದು ಕಾನೂನು ಬಂದಿತ್ತು ನಿಜ, ಆದರೆ ಅದಿನ್ನೂ ಅವರ ಹಳ್ಳಿಯವರೆಗೆ ಬಂದಿರಲಿಲ್ಲ. ಇಪ್ಪತ್ತು ವರ್ಷದ ವರಲಕ್ಷ್ಮಿ ಅನ್ನ ನೀರು ಬಿಟ್ಟು ಅತ್ತಳು. ಆಗುವುದಿಲ್ಲ ಎನ್ನಲು ಅಕ್ಕಯ್ಯಮ್ಮನಿಗೂ ಆಸೆ, ಬಾಯಿ ಮಾತ್ರ ಬರಲಿಲ್ಲ. ದೊಡ್ಡವಳನ್ನು ಕೊಡುವಾಗ ತಾನೇ ಆಡಿದ ಮಾತುಗಳನ್ನು ಈಗ ತಮ್ಮ ಒಂದೊಂದಾಗಿ ಅವಳ ಮುಖಕ್ಕೆ ಎಸೆಯುತ್ತಿದ್ದ.

ಆ ಬೇಸಿಗೆಯಲ್ಲಿ ಡೈಸಿ ಈಯಲಾರದೆ ಒದ್ದಾಡಿತು. ಜಾತಿ ಕೆಡಬಾರದೆಂದು ರಾಮಾಂಜಿನಪ್ಪ ಅದನ್ನು ಗಿರಣಿಯವರ ನಾಯಿಗೇ, ಅಂದರೆ ಅದರ ಒಡಹುಟ್ಟಿಗೇ, ಕೂಡಿಸಿ ತಂದಿದ್ದ. ದನದ ಆಸ್ಪತ್ರೆಯ ಡಾಕ್ಟರು ಸತ್ಯಮೂರ್ತಿ ತೋಳು ಮಡಿಚಿ ಕೂತು ನಾಲ್ಕು ಮರಿ ಎಳೆದು ತೆಗೆದರು. ಎರಡು ಸತ್ತೇ ಬಂದವು. ಇನ್ನೆರಡಕ್ಕೆ ಅಂಗುಳ ಸೀಳಿತ್ತು, ಹಾಲು ಕುಡಿದರೆ ಮೂಗಿನಲ್ಲಿ ಬರುತ್ತಿತ್ತು. ಮೂರನೇ ದಿನಕ್ಕೆ ಅವೂ ಹೋದವು.

"ತಲೆ ಇಷ್ಟು ದಪ್ಪ ಇದ್ರೆ ತಾಯಿ ಹೇಗೆ ಹೆರ್ಬೇಕು?" ಎಂದು ಡಾಕ್ಟರು ಕೈ ತೊಳೆಯುತ್ತ ರೇಗಿದರು. "ಮೇಲಾಗಿ ಒಂದೇ ರಕ್ತ. ಮನೆಯೊಳಗೇ ಸೇರಿಸ್ತಾ ಹೋದ್ರೆ ಮರಿ ನಿಲ್ಲಲ್ಲ ಕಣ್ರಿ. ಇನ್ನೊಂದ್ಸಲ ಹೀಗೇ ಮಾಡಿದ್ರೆ ನಾಯಿನೂ ಉಳಿಯಲ್ಲ."

"ಅದು ಕಚ್ಚೋದ್ಯಾಕೆ ಸ್ವಾಮಿ?" ಎಂದಳು ಅಕ್ಕಯ್ಯಮ್ಮ.

"ಉಸಿರು ಸಾಲ್ದೆ ಇದ್ರೆ ನಿಮಗೂ ಸಿಟ್ಟು ಬರುತ್ತಮ್ಮ. ಉದ್ದ ಮೂತಿಯ ಊರುನಾಯಿ ಜೊತೆ ಬಿಟ್ಟು ನೋಡಿ. ಮರಿಗಳಿಗೆ ಮೂಗು ಬಂದ್ರೂ ಬರಬಹುದು. ಖಾತ್ರಿ ಹೇಳಲಾರೆ."

ಬಾಗಿಲ ಹಿಂದೆ ನಿಂತಿದ್ದ ಶ್ಯಾಮಲಮ್ಮ ಇದನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋದಳು. ಅಕ್ಕಯ್ಯಮ್ಮನ ಎದೆಯಲ್ಲಿ ಮಾತ್ರ ಆ 'ಒಂದೇ ರಕ್ತ' ಎಂಬ ಮಾತು ಕೂತುಬಿಟ್ಟಿತು. ತನ್ನ ಮೇಲೆ ಬಂದ ಸಿಟ್ಟನ್ನು ಅವಳು ತಮ್ಮನ ಮೇಲೆ ತಿರುಗಿಸಿದಳು. ಅದು ಸುಲಭವಾಗಿತ್ತು.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. "ಸರ್ಕಾರದೋರು ಕೊಡೋ ಬೆರಕೆ ಮೊಟ್ಟೆ ತಂದು ತಾನೆ ರೇಷ್ಮೆ ಹುಳ ಸಾಕ್ತಿರೋದು? ಊರ ಹೆಣ್ಣು ಚಿಟ್ಟೆ, ಸೀಮೆ ಗಂಡು ಚಿಟ್ಟೆ. ಗೂಡು ಗಟ್ಟಿಯಾಗಿ ಬರ್ತಿಲ್ವಾ? ನಾಯಿಗ್ಯಾಕೆ ಬೇರೆ ನ್ಯಾಯ?"

"ಊರ್ಕೋ ಅಕ್ಕಾ, ಸುಮ್ನಿರು! ಹುಳಕ್ಕೂ ನಾಯಿಗೂ ಹೋಲಿಕೆನಾ? ನನ್ ನಾಯಿ ಜಾತಿ ಕೆಡಿಸಿದ್ರೆ ಯಾರ್ನೂ ಸುಮ್ನೆ ಬಿಡಲ್ಲ" ಎಂದು ಅವನು ತಟ್ಟೆ ತಳ್ಳಿ ಎದ್ದ.

ಬಿಡದಿದ್ದರೆ ಅಷ್ಟೇ ಹೋಯಿತು ಎಂದುಕೊಂಡಳು ಅಕ್ಕಯ್ಯಮ್ಮ. ಡೈಸಿ ಮತ್ತೆ ಬೆದೆಗೆ ಬಂದಾಗ ತಮ್ಮ ಯಾವುದೋ ವ್ಯಾಜ್ಯದ ಮೇಲೆ ಚಿಂತಾಮಣಿಗೆ ಹೋಗಿದ್ದ. ಕುರಿ ಕಾಯುವ ಆವಲಪ್ಪನ ಹತ್ತಿರ ಒಂದು ಕಂದು ನಾಯಿಯಿತ್ತು. ಉದ್ದ ಮೂತಿ, ಸಾಧು ಸ್ವಭಾವ, ಕುರಿಮರಿಗಳು ಮೈಮೇಲೆ ಹತ್ತಿದರೂ ಕಣ್ಣು ಬಿಡುತ್ತಿರಲಿಲ್ಲ. ಅದನ್ನು ಕರೆಸಿ, ಹಾಡಹಗಲಲ್ಲೇ ಎರಡನ್ನೂ ಸೊಪ್ಪಿನ ಕೋಣೆಯಲ್ಲಿ ಕೂಡಿ ಹೊರಗಿನಿಂದ ಅಗುಳಿ ಹಾಕಿದಳು. ಡೈಸಿಯ ಮೇಲೆ ಅವಳಿಗೆ ಕರುಣೆಯೇನೂ ಇರಲಿಲ್ಲ. ತಮ್ಮನ ಬಾಯಿ ಮುಚ್ಚಿಸಲು ಅವಳಿಗೊಂದು ಸಾಕ್ಷಿ ಬೇಕಿತ್ತು, ವರಲಕ್ಷ್ಮಿಯನ್ನು ಉಳಿಸಲು ಬೇರೆ ದಾರಿ ಕಾಣುತ್ತಿರಲಿಲ್ಲ.

ಎರಡು ತಿಂಗಳಿಗೆ ಡೈಸಿ ಯಾರ ಸಹಾಯವೂ ಇಲ್ಲದೆ ಐದು ಮರಿ ಈದಿತು. ಐದಕ್ಕೂ ಜೀವ, ಐದಕ್ಕೂ ಮೂಗು. ರಾಮಾಂಜಿನಪ್ಪ ಬುಟ್ಟಿಯೊಳಗೆ ಬಗ್ಗಿ ನೋಡಿದವನೇ ಕೆಂಡವಾದ.

"ಯಾವ ಬೇವರ್ಸಿ ಮಾಡಿದ್ದು ಈ ಕೆಲಸ?"

"ನಾನೇ. ಏನೀಗ?"

"ಬೆರಕೆ ಮುಂಡೇವು! ಕೆರೆಗೆ ಎಸೀತೀನಿ!" ಎಂದು ಬುಟ್ಟಿಗೆ ಕೈ ಹಾಕಿದ. ಅಕ್ಕಯ್ಯಮ್ಮ ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಎಸೆಯುವ ಕೈ ಮತ್ತೆ ಮನೆಗೆ ಬರುವುದಿಲ್ಲ ಎಂದಳು. ಅವನು ಬುಟ್ಟಿ ಕುಕ್ಕಿ ಹೊರಟುಹೋದ. ಮುಂದೆ ಎರಡು ತಿಂಗಳು ಅಕ್ಕ ತಮ್ಮ ಮುಖ ಕೊಟ್ಟು ಮಾತಾಡಲಿಲ್ಲ.

ಮರಿಗಳು ಬಿಸಿಲಲ್ಲಿ ಓಡಿದವು, ಏದುಸಿರು ಬಿಡಲಿಲ್ಲ. ಕೋಳಿಯ ತಂಟೆಗೆ ಹೋಗಲಿಲ್ಲ, ಯಾರನ್ನೂ ಕಚ್ಚಲಿಲ್ಲ. ಒಂದು ದಿನ ತಾಲ್ಲೂಕಿನ ಅಮಲ್ದಾರರು ಕಂದಾಯದ ಜಮಾಬಂದಿಗೆ ಬಂದವರು ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿಯುವಾಗ, ಒಂದು ಮರಿ ಸೀದಾ ಅವರ ತೊಡೆ ಹತ್ತಿ ನಿದ್ದೆ ಹೋಯಿತು. ಅವರಿಗೆ ಖುಷಿಯೋ ಖುಷಿ.

"ಯಾವ ತಳಿ ಇದು, ರಾಮಾಂಜಿನಪ್ಪ?"

"ನಾನೇ ಮಾಡಿಸಿದ್ದು ಸ್ವಾಮಿ!" ಎಂದ ರಾಮಾಂಜಿನಪ್ಪ, ಒಂದಿಷ್ಟೂ ನಾಚದೆ. "ಬೆರಕೆನೇ ಗಟ್ಟಿ. ಒಂದೇ ರಕ್ತದಲ್ಲಿ ಕೂಡಿಸಿದ್ರೆ ಮರಿ ನಿಲ್ಲಲ್ಲ ನೋಡಿ. ಹೊರಗಿಂದು ಸೇರ್ಬೇಕು."

ಅಮಲ್ದಾರರು ಮರಿಯನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ರಾಮಾಂಜಿನಪ್ಪ ಮೀಸೆ ತೀಡುತ್ತ ಒಳಗೆ ಬಂದ. ಎಷ್ಟೋ ದಿನದ ಮೇಲೆ ಅಕ್ಕನ ಮುಖ ನೋಡಿ ನಕ್ಕು, "ವೈಶಾಖದಲ್ಲಿ ಲಗ್ನ ಇಟ್ಕೊಳ್ಳಣ ಕಣಕ್ಕ. ವರಲಕ್ಷ್ಮಿಗೆ ಸೀರೆ ತರೋಕೆ ಹೇಳ್ತೀನಿ" ಎಂದ.

ಅಕ್ಕಯ್ಯಮ್ಮನಿಗೆ ಆ ನಗು ತಡೆಯಲಾಗಲಿಲ್ಲ. "ಈಗ್ತಾನೆ ಜಗುಲಿ ಮೇಲೆ ಏನ್ ಬೊಗಳ್ದೆ? ಒಂದೇ ರಕ್ತ ಆದ್ರೆ ನಿಲ್ಲಲ್ಲ ಅಂದ್ಯಲ್ಲ? ನಾಯಿ ಮೇಲಿರೋ ಕಾಳಜಿ ನನ್ ಮಗಳ ಮೇಲೆ ಇಲ್ವಾ ನಿಂಗೆ?"

"ನಾಯಿ ಮಾತು ಮನುಷ್ಯರಿಗೆ ತರ್ತೀಯಾ? ಪದ್ಧತಿ ಕಣೇ ಇದು! ನೀನೇ ಹೇಳಿದ್ದು!"

"ಹಾಳಾಗ್ಲಿ ಪದ್ಧತಿ! ಮೂರು ಕೂಸು ಮಣ್ಣಿಗೆ ಹಾಕಿದ್ದು ಸಾಲ್ದಾ? ಗೌರಿಬಿದನೂರಿಂದ ಸಂಬಂಧ ಬಂದಿದೆ. ನಮ್ಗೂ ಅವ್ರಿಗೂ ಯಾವ ನೆಂಟಸ್ತಿಕೆನೂ ಇಲ್ಲ. ವರಲಕ್ಷ್ಮಿ ಅಲ್ಲಿಗೇ ಹೋಗೋದು. ಅಡ್ಡ ಬಂದ್ರೆ ಅಮಲ್ದಾರ್ರ ಹತ್ರಾನೇ ಹೋಗಿ, ಎರಡನೇ ಮದ್ವೆ ಮಾಡ್ಕೊಳ್ತಾನಂತೆ ಅಂತ ಹೇಳ್ತೀನಿ."

ರಾಮಾಂಜಿನಪ್ಪನ ಮುಖ ಬಿಳಿಚಿತು. ಬಾಯಿಗೆ ಬಂದಂತೆ ಬೈದ, ಉಗಿದ, ಕೊನೆಗೆ ಚಪ್ಪಲಿ ಮೆಟ್ಟಿ ತೋಟದ ಕಡೆ ಹೋದ. ಅಕ್ಕಯ್ಯಮ್ಮನಿಗೆ ಗೆದ್ದೆನೆಂಬ ಸಂತೋಷ. ವರಲಕ್ಷ್ಮಿ ಓಡಿಬಂದು ತಬ್ಬಿಕೊಂಡಳು.

ಶ್ಯಾಮಲಮ್ಮ ಅಡಿಗೆ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನನ್ ಕೊಡೋ ದಿನ ಈ ಬಾಯಿ ಎಲ್ಲಿ ಹೋಗಿತ್ತಮ್ಮ?"

"ಆಗ ಗೊತ್ತಿರ್ಲಿಲ್ಲ ಕಣೇ ತಾಯಿ" ಎಂದಳು ಅಕ್ಕಯ್ಯಮ್ಮ.

"ಮೊದಲ್ನೇದಕ್ಕೆ ಗೊತ್ತಿರ್ಲಿಲ್ಲ. ಸರಿ. ಎರಡನೇದಕ್ಕೆ? ಮೂರನೇದು ಬೇಡಮ್ಮ ಅಂತ ನಿನ್ ಕಾಲು ಹಿಡಿದಾಗ ಏನಂದೆ? ಇನ್ನೊಂದು ಹೆರು, ಉಳಿಯುತ್ತೆ ಅಂದೆ. ನಾಯಿ ಹೆತ್ತು ತೋರಿಸ್ಬೇಕಾಯ್ತಾ ನಿಂಗೆ?"

ಅಕ್ಕಯ್ಯಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಶ್ಯಾಮಲಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.