ಉಮ್ ಬಖೂಮ್‌ಳ ಸಕ್ಕರೆಯಿಲ್ಲದ ಹಬ್ಬ

ನಮ್ಮ ಓಣಿಯ ತಫೀದಾಳ ಮೂಗು ದೊಡ್ಡದು. ನೋಡಲಿಕ್ಕಲ್ಲ, ಕೆಲಸದಲ್ಲಿ. ಕೊಪ್ಟಿಕ್ ಕ್ರೈಸ್ತರಾದ ನಾವು ಐವತ್ತೈದು ದಿನಗಳ ದೊಡ್ಡ ಉಪವಾಸದಲ್ಲಿ ಹಾಲು, ತುಪ್ಪ, ಮೊಟ್ಟೆ, ಮಾಂಸ ಯಾವುದನ್ನೂ ನಾಲಿಗೆಗೆ ಸೋಕಿಸುವುದಿಲ್ಲ. ಆದರೆ ಉಪವಾಸ ಮುಗಿದು ಪುನರುತ್ಥಾನದ ಹಬ್ಬದ ಬೆಳಗಾದಾಗ ಮನೆಮನೆಯಲ್ಲೂ ಕಹಕ್ ಇರಲೇಬೇಕು. ತುಪ್ಪದಲ್ಲೇ ಮುಳುಗಿಸಿ ಕಲಸಿದ ಹಿಟ್ಟಿಗೆ ಎಳ್ಳು ಬೆರೆಸಿ, ಬೇಯಿಸಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ಆ ಬಿಲ್ಲೆಗಳನ್ನು ಉಪವಾಸದ ಕೊನೆಯ ವಾರದಲ್ಲೇ ಮಾಡಿ ಮುಗಿಸಬೇಕು. ಹೀಗಾಗಿ ನಮ್ಮ ಮಲ್ಲವಿ ಪಟ್ಟಣದ ಕ್ರೈಸ್ತ ಹೆಂಗಸರೆಲ್ಲ ವರ್ಷಕ್ಕೊಮ್ಮೆ, ತಾವು ರುಚಿ ನೋಡಲಾಗದ ತಿಂಡಿಯನ್ನು ಮಣಗಟ್ಟಲೆ ಮಾಡುತ್ತಾರೆ. ಕಾದ ತುಪ್ಪವನ್ನು ಹಿಟ್ಟಿನ ಮೇಲೆ ಸುರಿಯುವ ಗಳಿಗೆಯೇ ಕಹಕ್‌ನ ಹಣೆಬರಹ. ಒಂದು ಉಸಿರು ಮುಂಚೆ ಸುರಿದರೆ ಹಿಟ್ಟು ಹಸಿ, ಒಂದು ಉಸಿರು ತಡವಾದರೆ ಕಹಿ. ಆ ಗಳಿಗೆಯನ್ನು ಬಲ್ಲದ್ದು ನಮ್ಮ ಓಣಿಯಲ್ಲಿ ಒಂದೇ ಮೂಗು. ಆ ವಾರವಿಡೀ ಅವಳು ಮನೆಯಿಂದ ಮನೆಗೆ ಹೋಗಿ, ಒಳಗೂ ಬಾರದೆ ಹೊಸ್ತಿಲಲ್ಲೇ ನಿಂತು ಗದರುತ್ತಿದ್ದಳು: "ಇಳಿಸೇ, ಇಳಿಸು! ತುಪ್ಪ ಕಾಯಿಸ್ತಿದೀಯೋ ಡಾಂಬರು ಕಾಯಿಸ್ತಿದೀಯೋ?"

ಅವಳ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಬಲಭುಜ ಮುಂದೆ, ಮೈ ಸ್ವಲ್ಪ ಓರೆ, ಮುಚ್ಚಿದ ಬಾಗಿಲನ್ನು ತಳ್ಳಿಕೊಂಡು ಒಳಹೋಗುವವಳ ಹಾಗೆ. ನಲವತ್ತು ವರ್ಷ ತಲೆಯ ಮೇಲೆ ರೊಟ್ಟಿಯ ಹಲಗೆ, ಸೊಂಟದಲ್ಲಿ ಮಗುವೋ ನೀರಿನ ಡಬ್ಬಿಯೋ ಹೊತ್ತ ಮೈಗೆ ನೆಟ್ಟಗೆ ನಿಲ್ಲುವುದು ಮರೆತುಹೋಗಿತ್ತು. ವಿಧವೆಯ ಕಪ್ಪು ನಿಲುವಂಗಿಯ ಮೇಲೆ ಸದಾ ಒಂದು ಖಾಕಿ ಕೋಟು. ಅದು ಹತ್ತಿ ಗಿರಣಿಯಲ್ಲಿ ಕಾವಲುಗಾರನಾಗಿದ್ದ ಗಂಡ ಹಬೀಬ್ ಬಿಟ್ಟುಹೋದದ್ದು. ಎರಡು ಗುಂಡಿಯಿಲ್ಲ, ಒಂದರ ಜಾಗದಲ್ಲಿ ಪಿನ್ನು. ಜೇಬಿನಲ್ಲಿ ಬೆಂಕಿಪೊಟ್ಟಣ, ನಾಲ್ಕು ಎಸಳು ಬೆಳ್ಳುಳ್ಳಿ, ಯಾರದೋ ಮನೆಯ ಬೀಗದಕೈ. ಬೇಸಗೆಯಲ್ಲಿ ಮಣ್ಣಿನ ಗೂಡೊಲೆಯ ಎದುರು ಕೂತಾಗಲೂ ಅವಳು ಅದನ್ನು ತೆಗೆಯುತ್ತಿರಲಿಲ್ಲ. ಯಾಕೆಂದು ನಾನು ಕೇಳಿದ್ದಕ್ಕೆ, "ಒಳಗೂ ಬೆಂಕಿ, ಹೊರಗೂ ಬೆಂಕಿ. ಮಧ್ಯದಲ್ಲೊಂದು ಗೋಡೆ ಬೇಡ್ವಾ ಅಬ್ಲಾ?" ಎಂದಿದ್ದಳು. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ ಓಣಿಗೆಲ್ಲ ಅಬ್ಲಾ, ಅಂದರೆ ಅಕ್ಕ. ಅವಳು ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಆದರೂ ನಾನು ಅಬ್ಲಾ.

"ದೇವರಿದ್ದಾನೆ" ಎಂಬುದು ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಬಸ್ಸು ತಪ್ಪಿದರೂ, ಮಗು ಹುಟ್ಟಿದರೂ, ಛಾವಣಿ ಕುಸಿದರೂ ಅದೇ. ಗಂಡಸರು ಅದನ್ನು ಮಾತು ಮುಗಿಸಲು ಹೇಳುತ್ತಾರೆ. ತಫೀದಾ ಮಾತು ಶುರು ಮಾಡಲು ಹೇಳುತ್ತಿದ್ದಳು. ಹಿಟ್ಟು ನಾದುತ್ತ ಅವಳು ಮಾಡುತ್ತಿದ್ದ ಪ್ರಾರ್ಥನೆ ಗೋಡೆಯಾಚೆಯ ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. "ನೀನಿದೀಯ. ಸರಿ. ಇದ್ದುಕೊಂಡು ಆ ಬಾವಿಕಟ್ಟೆ ಹುಡುಗಿಗೆ ಮೂರನೇ ಸಲಾನೂ ಗರ್ಭ ನಿಲ್ಲಲಿಲ್ಲವಲ್ಲ, ಅದೇನು ನಿನ್ನ ಕೆಲಸ? ನನಗೆ ಅರ್ಥ ಆಗಲಿಲ್ಲ. ಮಾಡು, ಮಾಡು, ನಿನ್ನಿಷ್ಟ. ಆದ್ರೆ ನನಗೆ ಅರ್ಥ ಆಗಲಿಲ್ಲ ಅನ್ನೋದು ನಿನಗೆ ಗೊತ್ತಿರಲಿ." ಧಪ್ಪೆಂದು ಹಿಟ್ಟು ಹಲಗೆಗೆ ಬೀಳುತ್ತಿತ್ತು. ಇದು ಜಗಳವೆಂದು ಮೊದಮೊದಲು ತಿಳಿದಿದ್ದೆ. ಜಗಳವಾಡಿದವರು ಮಾತು ಬಿಡುತ್ತಾರೆ. ಇವಳು ಒಂದು ದಿನವೂ ಬಿಟ್ಟವಳಲ್ಲ ಎಂಬುದು ಆಮೇಲೆ ಹೊಳೆಯಿತು.

ಉಪವಾಸದ ಬಗ್ಗೆಯೂ ಅವಳ ದೃಷ್ಟಿ ಬೇರೆಯೇ. ಉಪವಾಸದಲ್ಲಿ ನಮ್ಮ ಗಂಡಸರು ಮಾಂಸ ಬಿಡುತ್ತಾರೆ, ಹೆಂಗಸರು ನಿದ್ದೆ ಬಿಡುತ್ತಾರೆ. ಒಂದು ತುಂಡು ಮಾಂಸವನ್ನು ಬೇಯಲಿಟ್ಟು ಸುಮ್ಮನಿರಬಹುದು. ಕಾಳು ನೆನೆಸಿ, ಸಿಪ್ಪೆ ಸುಲಿದು, ರುಬ್ಬಿ, ಕರಿದು, ದ್ರಾಕ್ಷಿ ಎಲೆಗಳಲ್ಲಿ ಅನ್ನ ಸುತ್ತಿ ಹದಿನೈದು ಬಾಯಿಗೆ ಹಾಕುವುದಕ್ಕೆ ಹಗಲು ಸಾಲುವುದಿಲ್ಲ. ಒಮ್ಮೆ ಮೈದುನ ಬಿಶಾಯ್ ಅವಳ ಅಂಗಳದಲ್ಲಿ ಕಾಲು ಚಾಚಿ ಕೂತು ನಿಟ್ಟುಸಿರಿಟ್ಟ. "ನಲವತ್ತನೇ ದಿನ ಅತ್ತಿಗೆ. ದೇಹ ಸೋತುಹೋಯ್ತು."

"ಸೋಲದೆ ಇರುತ್ತಾ?" ಎಂದಳು ತಫೀದಾ, ನೂರನೆಯ ಎಲೆ ಸುತ್ತುತ್ತ. "ಅಗಿಯೋದು ಕಷ್ಟದ ಕೆಲಸ ಮಾರಾಯ."

ಅವಳಿಗೆ ಒಬ್ಬನೇ ಮಗ, ಬಖೂಮ್; ಅದಕ್ಕೇ ಅವಳು ಉಮ್ ಬಖೂಮ್, ಬಖೂಮ್‌ನ ತಾಯಿ. ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ ಬಲ್ಲವನು. ಯುಸ್ತೀನಾಳನ್ನು ಮದುವೆಯಾಗಿ ಎಂಟು ತಿಂಗಳಿಗೆ ಗಡಿಯಾಚೆ ಲಿಬಿಯಾಕ್ಕೆ ದುಡಿಯಲು ಹೋದ. ಗುರುವಾರ ಗುರುವಾರ ಫೋನು ಮಾಡುತ್ತಿದ್ದ. ಒಂದು ಗುರುವಾರ ಮಾಡಿ, ಏನು ಅಡುಗೆ ಎಂದು ಕೇಳಿ, ಮೊಲೋಖಿಯಾ ಸೊಪ್ಪಿನ ಸಾರು ಎಂದಾಗ "ಅಯ್ಯೋ ಅಮ್ಮಾ, ಹೇಳಬಾರದಿತ್ತು" ಎಂದು ನಕ್ಕವನು ಮುಂದಿನ ಗುರುವಾರ ಮಾಡಲಿಲ್ಲ. ಮತ್ತೆಂದೂ ಮಾಡಲಿಲ್ಲ. ಅಲ್ಲಿಂದ ಮರಳಿದ ಒಬ್ಬ, ಅವನು ಬೇರೆ ಊರಿನ ಕೆಲಸಕ್ಕೆಂದು ಟ್ರಕ್ಕು ಹತ್ತಿದ ಎಂದ. ಇನ್ನೊಬ್ಬ, ಆ ಟ್ರಕ್ಕು ಆ ಊರು ತಲುಪಲೇ ಇಲ್ಲವೆಂದ. ಮೂರನೆಯವನು ತಿಂಗಳೆರಡು ಕಳೆದ ಮೇಲೆ ಯಾವುದೋ ಸಂತೆಯಲ್ಲಿ ಅವನಂಥವನೊಬ್ಬನನ್ನು ಕಂಡೆನೆಂದ. ಮೂರು ಸುದ್ದಿಗಳು, ಒಂದನ್ನೊಂದು ಕೂಡಲಾರದವು. ತಫೀದಾ ಮೂವರಿಗೂ ಊಟ ಹಾಕಿ ಕಳಿಸಿದಳು. ಕಚೇರಿಗಳ ಬಾಗಿಲಲ್ಲಿ ಫೋಟೋ ಹಿಡಿದು ನಿಂತಳು. ಹದಿನಾಲ್ಕು ತಿಂಗಳು ಕಳೆದವು.

ಆಗ ಬಂಧುಗಳಿಗೆ ಅವಸರ ಶುರುವಾಯಿತು. ಅನಿಶ್ಚಿತವನ್ನು ಸಹಿಸುವುದು ಅನಿಶ್ಚಿತದಲ್ಲಿರುವವರಿಗಿಂತ ನೋಡುವವರಿಗೇ ಕಷ್ಟ. ಬಿಶಾಯ್ ಪಾದ್ರಿಯನ್ನು, ನಮ್ಮ ಅಬೂನಾ ಅವರನ್ನು, ಕರೆದುಕೊಂಡು ಬಂದ. ಸತ್ತವರ ಪ್ರಾರ್ಥನೆ ಮಾಡಿಸಿಬಿಡೋಣ, ಹುಡುಗನ ಆತ್ಮಕ್ಕೂ ಶಾಂತಿ, ಮನೆಗೂ ಒಂದು ಮರ್ಯಾದೆ ಎಂಬುದು ಅವರ ಮಾತು. ಅದರ ಅರ್ಥವೇನೆಂದು ಆ ಕೋಣೆಯಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಪ್ರಾರ್ಥನೆಯಾದ ಮರುಗಳಿಗೆ ಬಿಶಾಯ್‌ನ ಹೆಂಡತಿ ಕಪ್ಪು ಬಟ್ಟೆ ತಂದು ಇಪ್ಪತ್ತನಾಲ್ಕು ವರ್ಷದ ಯುಸ್ತೀನಾಳ ತಲೆಗೆ ಕಟ್ಟುತ್ತಾಳೆ; ನಮ್ಮ ಕಡೆ ಆ ಕಪ್ಪನ್ನು ಕಟ್ಟುವ ಕೈಗಳು ಸಾವಿರ, ಬಿಚ್ಚುವ ಕೈ ಒಂದೂ ಇಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಆ ಹುಡುಗಿಯ ತಲೆಯ ಮೇಲೆ ಆಗ ಮಾವಿನೆಲೆ ಹಸಿರಿನ ರುಮಾಲಿತ್ತು.

"ದೇವರ ಚಿತ್ತಕ್ಕೆ ತಲೆಬಾಗಬೇಕಮ್ಮ ಉಮ್ ಬಖೂಮ್," ಎಂದರು ಅಬೂನಾ, ಮೃದುವಾಗಿಯೇ.

"ಬಾಗ್ತೀನಿ ಅಬೂನಾ. ನಿಮ್ಮ ಪಾದದಾಣೆ, ನೆಲಕ್ಕೆ ಹಣೆ ತಾಗೋಹಾಗೆ ಬಾಗ್ತೀನಿ. ಮೊದಲು ಅವನ ಚಿತ್ತ ಏನು ಅಂತ ಅವನು ಹೇಳ್ಲಿ. ಅವನಿನ್ನೂ ಬಾಯಿ ಬಿಟ್ಟಿಲ್ಲ, ಆಗಲೇ ನೀವು ಹೇಳಿಬಿಡ್ತೀರಲ್ಲ!"

"ಹಾಗಾದ್ರೆ ಬದುಕಿದಾನೆ ಅಂತೀಯಾ?" ಬಿಶಾಯ್ ರೇಗಿದ.

"ಹಾಗಂದ್ನಾ ನಾನು? ಬದುಕಿದ್ರೆ ದೇವರ ಕಣ್ಣೆದುರಿಗಿದಾನೆ, ಸತ್ತಿದ್ರೆ ದೇವರ ಮಡಿಲಲ್ಲಿದಾನೆ. ಯಾವುದು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಅವನ ಗುಡಿಯಲ್ಲೇ ನಿಂತು ಹೇಳ್ಲಾ? ಚಹಾ ಕುಡೀರಿ, ಆರ್ತಾ ಇದೆ."

ಅಬೂನಾ ಚಹಾ ಕುಡಿದರು. ಬಿಶಾಯ್ ಕುಡಿಯಲಿಲ್ಲ. ಮಾತು ಅಲ್ಲಿಗೆ ನಿಂತಿತು, ಮುಗಿಯಲಿಲ್ಲ.

ಅಷ್ಟರಲ್ಲಿ ದೊಡ್ಡ ಉಪವಾಸದ ಕೊನೆಯ ವಾರ ಬಂತು. ನಮ್ಮಲ್ಲೊಂದು ಪದ್ಧತಿಯಿದೆ: ಸಾವಾದ ಮನೆಯಲ್ಲಿ ಆ ವರ್ಷ ಕಹಕ್ ಮಾಡುವುದಿಲ್ಲ, ನೆರೆಯವರೇ ತಮ್ಮ ಮನೆಯದನ್ನು ತಟ್ಟೆಯಲ್ಲಿ ತುಂಬಿ ಕೊಟ್ಟು ಬರುತ್ತಾರೆ. ತಫೀದಾಳ ಮನೆಗೆ ಕೊಡುವುದೋ ಬಿಡುವುದೋ? ಕೊಟ್ಟರೆ ಅವಳ ಮಗನನ್ನು ನಾವೇ ಸಾಯಿಸಿದ ಹಾಗೆ. ಕೊಡದಿದ್ದರೆ, ಹಬ್ಬದ ದಿನ ಇಬ್ಬರು ಹೆಂಗಸರು ಬರಿಯ ತಟ್ಟೆಯ ಮುಂದೆ ಕೂರುತ್ತಾರೆ. ಓಣಿಯ ಹೆಂಗಸರು ಇದನ್ನು ಮೂರು ದಿನ ಚರ್ಚಿಸಿದರು. ಹೀಗೆ ಚರ್ಚಿಸುವ ಭರದಲ್ಲಿ ಯಾರೂ ಅವಳನ್ನು ತುಪ್ಪದ ಹದ ನೋಡಲು ಕರೆಯಲಿಲ್ಲ. ದುಃಖದಲ್ಲಿರುವವಳನ್ನು ಕರೆಯುವುದು ಹೇಗೆ ಎಂದು ನಾವು ಪ್ರತಿಯೊಬ್ಬರೂ ನಮ್ಮ ನಮ್ಮ ಮನೆಯಲ್ಲಿ ಕನಿಕರಪಟ್ಟೆವು.

ಕೊನೆಗೆ ತಟ್ಟೆ ಒಯ್ದವಳು ನಾನು. ಓದಿದವಳೆಂಬ ಧೈರ್ಯ. ಶನಿವಾರ ಬೆಳಿಗ್ಗೆ, ಹಬ್ಬಕ್ಕೆ ಇನ್ನೊಂದೇ ದಿನ. ನಲವತ್ತು ಕಹಕ್, ಒಪ್ಪವಾಗಿ ಜೋಡಿಸಿ, ಸಕ್ಕರೆ ಉದುರಿಸಿ, ಬಿಳಿ ಬಟ್ಟೆ ಮುಚ್ಚಿ ಅವಳ ಬಾಗಿಲು ತಟ್ಟಿದೆ. ಬಾಗಿಲು ತೆರೆದವಳು ಯುಸ್ತೀನಾ. ಬಟ್ಟೆಯ ಕೆಳಗೇನಿದೆ ಎಂದು ಅವಳು ಕೇಳಲಿಲ್ಲ. ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತು, ಒಂದು ಕೈಯಿಂದ ತನ್ನ ಹಸಿರು ರುಮಾಲನ್ನು ಬಿಗಿಯಾಗಿ ಹಿಡಿದುಕೊಂಡಳು. "ಸುದ್ದಿ ಬಂತಾ ಅಬ್ಲಾ?" ಎಂದಳು.

"ಇಲ್ಲಮ್ಮ, ಯಾವ ಸುದ್ದೀನೂ ಬಂದಿಲ್ಲ. ಸುಮ್ಮನೆ ತಂದೆ, ಸುಮ್ಮನೆ," ಎಂದು ನಾನು ತೊದಲಿದೆ.

ಒಳಗಿನಿಂದ ತಫೀದಾ ಬಂದಳು, ಬಲಭುಜ ಮುಂದಾಗಿ. ಸೊಸೆಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬಟ್ಟೆ ಸರಿಸಿ ಒಂದು ಕಹಕ್ ಎತ್ತಿ ಮೂಗಿಗೆ ಹಿಡಿದಳು. ನಾನು ಅವಳ ಅಳುವಿಗಾಗಿ ಕಾದೆ, ಬೈಗುಳಕ್ಕೂ ಸಿದ್ಧಳಾಗಿದ್ದೆ.

"ತುಪ್ಪ ಸೀದಿದೆ," ಎಂದಳು.

ಕಹಕ್ ಅನ್ನು ಮತ್ತೆ ತಟ್ಟೆಗಿಟ್ಟಳು.

"ಎಲ್ಲರದೂ ಹೀಗೇನಾ?"

"ನನಗೇನು ಗೊತ್ತು ಉಮ್ ಬಖೂಮ್? ರುಚಿ ನೋಡೋ ಹಾಗಿಲ್ಲವಲ್ಲ."

"ನನ್ನನ್ನ ಯಾಕೆ ಕರೀಲಿಲ್ಲ?" ಈಗ ಅವಳ ದನಿ ಒಡೆಯಿತು. "ಮಗ ಇಲ್ಲ, ಸರಿ. ಎಲ್ಲಿದಾನೋ ಗೊತ್ತಿಲ್ಲ, ಸರಿ. ನನ್ನ ಮೂಗನ್ನೂ ಹೂತುಬಿಟ್ರಾ ನೀವೆಲ್ಲ ಸೇರಿ? ಒಂದು ವಾರ ಈ ಬಾಗಿಲಲ್ಲಿ ಕೂತಿದ್ದೆ ಅಬ್ಲಾ. ಒಬ್ಬಳೂ ಬರಲಿಲ್ಲ. ದೇವರು ನನ್ನನ್ನ ಕೈಬಿಟ್ಟಿಲ್ಲ, ನೀವು ಬಿಟ್ರಿ."

ಅವಳು ಉತ್ತರಕ್ಕೆ ಕಾಯಲಿಲ್ಲ. ಕಣ್ಣನ್ನು ಕೋಟಿನ ತೋಳಿಗೆ ಒರೆಸಿಕೊಂಡು, "ಏಳೇ ಯುಸ್ತೀನಾ, ಹಿಟ್ಟಿನ ಚೀಲ ಇಳಿಸು. ಅಬ್ಲಾ, ನೀನು ಬೆಂಕಿ ಹಾಕು, ಪಾಪಕ್ಕೆ ಪ್ರಾಯಶ್ಚಿತ್ತ ಆಗ್ಲಿ," ಎಂದಳು. ಗೂಡೊಲೆಯ ಹೊಗೆ ಏಳುವುದನ್ನು ಕಂಡು ಒಬ್ಬೊಬ್ಬಳೇ ಬಂದರು. ಅರ್ಧ ಗಂಟೆಯೊಳಗೆ ಅಂಗಳದಲ್ಲಿ ಏಳೆಂಟು ಹೆಂಗಸರು, ಮಿಕ್ಕ ತುಪ್ಪ, ಮಿಕ್ಕ ಹಿಟ್ಟು. ಯುಸ್ತೀನಾ ಹಿತ್ತಾಳೆ ಚಿಮಟದಿಂದ ಬಿಲ್ಲೆಗಳ ಮೇಲೆ ಚಿತ್ತಾರ ಚುಚ್ಚಿದಳು. ಮೊದಲಿನವು ವಕ್ರ ಗೆರೆಗಳು, ಬರುಬರುತ್ತ ನೇರ.

ಮಧ್ಯಾಹ್ನ ಬಿಶಾಯ್ ಬಂದು ಅಂಗಳದ ಬಾಗಿಲಲ್ಲಿ ನಿಂತ. "ಅತ್ತಿಗೆ, ಇದೇನಿದು? ಜನ ಏನಂತಾರೆ? ಹಬ್ಬ ಮಾಡ್ತಿದಾಳೆ ಅನ್ನಲ್ವಾ?"

"ಹಬ್ಬ ನಾನು ಮಾಡ್ತಿಲ್ಲಪ್ಪ, ದೇವರು ಮಾಡ್ತಿದಾನೆ. ನಾನು ಕಹಕ್ ಮಾಡ್ತಿದೀನಿ. ಆ ಹಲಗೆ ಎತ್ತಿ ಒಲೆ ಹತ್ರ ಇಡು, ಭಾರ ಇದೆ."

ಅವನು ಏನೋ ಹೇಳಲು ಹೋಗಿ, ಅಷ್ಟು ಹೆಂಗಸರ ಕಣ್ಣು ತನ್ನ ಮೇಲಿರುವುದು ಕಂಡು, ಹಲಗೆ ಎತ್ತಿ ಇಟ್ಟ. ಬೆಂದು ಆರಿದ ಬಿಲ್ಲೆಗಳನ್ನು ನೋಡಿ ಕೇಳಿದ: "ಸಕ್ಕರೆ ಉದುರಿಸಿಲ್ಲ?"

ತಫೀದಾ ಕೈಗಂಟಿದ ಹಿಟ್ಟು ಕೊಡವಿದಳು. "ಇಲ್ಲ. ಹಿಟ್ಟು ನನ್ನ ಕೈಯಲ್ಲಿದೆ, ನಾದಿದೆ. ಸಕ್ಕರೆ ನನ್ನ ಕೈಯಲ್ಲಿಲ್ಲ."

ಮರುದಿನ ಬೆಳಿಗ್ಗೆ ಓಣಿಯ ಪ್ರತಿ ಮನೆಗೂ ತಫೀದಾಳ ಮನೆಯಿಂದ ತಟ್ಟೆ ಹೋಯಿತು, ಹೊತ್ತು ತಂದವಳು ಹಸಿರು ರುಮಾಲಿನ ಯುಸ್ತೀನಾ. ಸಾವಿನ ಮನೆಯಿಂದ ತಟ್ಟೆ ಹೊರಡುವುದಿಲ್ಲ. ಹೊರಟಿತೆಂದರೆ ಅದು ಸಾವಿನ ಮನೆಯಲ್ಲ. ಸಕ್ಕರೆಯಿಲ್ಲವೆಂದರೆ ಸಂಭ್ರಮದ ಮನೆಯೂ ಅಲ್ಲ. ಇವೆರಡರ ನಡುವೆಯೂ ಮನೆಯೊಂದು ಒಲೆ ಉರಿಸಿಕೊಂಡು ಇರಬಹುದೆಂದು ನಮ್ಮೂರಿಗೆ ಅದುವರೆಗೆ ತಿಳಿದಿರಲಿಲ್ಲ. ಅದಾದ ಮೇಲೆ ಕಪ್ಪು ಬಟ್ಟೆಯ ಮಾತನ್ನು ಯಾರೂ ಎತ್ತಲಿಲ್ಲ.

ಇದಾಗಿ ಆರು ವರ್ಷ. ಬಖೂಮ್‌ನ ಸುದ್ದಿ ಬಂದಿಲ್ಲ. ಯುಸ್ತೀನಾ ಚರ್ಚಿನ ಶಿಶುವಿಹಾರದಲ್ಲಿ ಕಲಿಸುತ್ತಾಳೆ. ಕೆಲವು ದಿನ ಅವಳ ತಲೆಯ ಮೇಲೆ ಹಳದಿ, ಕೆಲವು ದಿನ ಕಡುನೀಲಿ, ಯಾವ ದಿನ ಯಾವುದೆಂಬುದು ಅವಳ ಲಹರಿ. ಮರುಮದುವೆಯ ಮಾತು ಬಂದಾಗ ತಫೀದಾ, "ಅವಳನ್ನ ಕೇಳಿ, ನನ್ನನ್ನಲ್ಲ" ಎಂದಳಂತೆ. ದೇವರ ಮೇಲೆ ಸಿಟ್ಟಿಲ್ಲವೇ ಎಂದು ಮೊನ್ನೆ ನಾನೇ ಕೇಳಿದೆ. "ಇಲ್ದೆ ಏನು? ಬೇಕಾದಷ್ಟಿದೆ," ಎಂದಳು. "ಸಿಟ್ಟು ಮಾಡ್ಕೋಬೇಕು ಅಂದ್ರೂ ಎದುರಿಗೆ ಒಬ್ಬನಿರಬೇಕಲ್ಲ ಅಬ್ಲಾ."

ನಮ್ಮ ಪ್ರವಚನಗಳಲ್ಲಿ ಇಂಥ ಹೆಂಗಸರನ್ನು ಸಹನೆಯ ಮೂರ್ತಿಗಳೆಂದು ಹೊಗಳುವುದುಂಟು, ಅವರೇನೋ ಕೈಕಟ್ಟಿ, ಕಣ್ಮುಚ್ಚಿ, ಬಂದದ್ದನ್ನು ಒಪ್ಪಿಕೊಂಡು ಕುಳಿತಿದ್ದಾರೆಂಬಂತೆ. ಕುಳಿತವರನ್ನು ನಾನು ಕಂಡಿಲ್ಲ. ಊರೂರಲ್ಲೂ ಅವರಿದ್ದಾರೆ, ಅವರ ವಿಶ್ವಾಸ ಉತ್ತರ ಸಿಕ್ಕವರ ನೆಮ್ಮದಿಯಲ್ಲ. ಎಲ್ಲ ಒಳ್ಳೆಯದಾಗುತ್ತದೆಂಬ ಭರವಸೆ ಯಾರೂ ಅವರಿಗೆ ಕೊಟ್ಟಿಲ್ಲ, ಅವರು ಕೇಳಿಯೂ ಇಲ್ಲ. ತಮಗೆ ತಿಳಿಯದ್ದು ಬೇರೊಬ್ಬನಿಗೆ ತಿಳಿದಿದೆ ಎಂಬಷ್ಟೇ ಆಧಾರದ ಮೇಲೆ, ತಿಳಿಯದ್ದನ್ನು ತಿಳಿಯದೆಂದೇ ಹೇಳುತ್ತ, ಅವರು ಮುಂಜಾನೆ ಎದ್ದು ಇನ್ನೊಬ್ಬರ ಹಸಿವಿನ ಕಡೆಗೆ ನಡೆಯುತ್ತಾರೆ. ದೇವರನ್ನು ನಂಬುವುದೆಂದರೆ ಏನೆಂದು ಅವರನ್ನು ಕೇಳಿದರೆ ಬಹುಶಃ ನಗುತ್ತಾರೆ. ನಕ್ಕು, ಸುಮ್ಮನೆ ನಿಂತಿದ್ದೀಯಲ್ಲ, ಇದನ್ನು ಸ್ವಲ್ಪ ಹಿಡಿ ಎಂದು ನಮ್ಮ ಕೈಗೂ ಏನಾದರೊಂದು ಕೊಡುತ್ತಾರೆ.