ಎರಡು ಅಂಶ ಕಡಿಮೆ

ಸರ್ಟಿಫಿಕೇಟು ಬಂದ ಹೊತ್ತಿಗೆ ಕಡ್ಡಿ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಶುರುಮಾಡಿ ಇಪ್ಪತ್ತು ನಿಮಿಷವಾಗಿದ್ದರೂ ಮೂರನೆಯ ಗುಂಡಿ ದಾಟಿರಲಿಲ್ಲ. ಅಂಚೆಯವನು ಬಾಗಿಲ ಸಂದಿಯಲ್ಲಿ ತೂರಿಸಿ ಹೋದ ಲಕೋಟೆಯನ್ನು ಹಲ್ಲಿನಿಂದಲೇ ಹರಿದಳು. ‘ಅಂಗವೈಕಲ್ಯ: ಶೇಕಡ ಮೂವತ್ತೆಂಟು’ ಎಂದು ಟೈಪು ಮಾಡಿ ಕೆಳಗೆ ಮೂವರು ಸಹಿ ಹಾಕಿದ್ದರು. ಮಾಸಾಶನ ಸಿಗಬೇಕಾದರೆ ನಲವತ್ತು ಇರಬೇಕು. ಓದಿನ ಸಾಲದ ಕಂತು ನಿಲ್ಲಿಸಬೇಕಾದರೂ ಅದೇ ನಲವತ್ತು.

"ಎಷ್ಟಂತೆ?" ಒಳಗಿನಿಂದ ಅಮ್ಮ ಕೇಳಿದರು.

"ಎರಡು ಕಡಿಮೆ."

"ಎರಡು ತಾನೇ, ಕೇಳಿದ್ರೆ ಹಾಕಿಕೊಡಲ್ವಾ?"

"ತರಕಾರಿ ಅಂಗಡೀನಾ ಅಮ್ಮ, ಕೊಸರು ಕೇಳೋಕೆ?"

ಕಡ್ಡಿ ಎಂಬುದು ಮನೆಯವರು ಇಟ್ಟ ಹೆಸರು. ಹುಟ್ಟಿದಾಗಿನಿಂದ ಬಡಕಲಾಗಿದ್ದುದಕ್ಕೆ ಹಾಗೆ ಕರೆದೆವು ಎಂದು ಅಮ್ಮ ಹೇಳುತ್ತಿದ್ದರು. ಇಲ್ಲ, ಬಾಯಿ ತೆರೆದರೆ ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಿದ್ದಳಲ್ಲ, ಅದಕ್ಕೇ ಬಂದ ಹೆಸರು ಎಂದು ಚಿಕ್ಕಮ್ಮ ವಾದಿಸುತ್ತಿದ್ದರು. ಎರಡೂ ನಿಜವೇ.

ಅವಳು ಕಲಿತದ್ದು ಹಲ್ಲು ಮಾಡುವ ಕೆಲಸ. ಬಾಯಿಯೊಳಗೆ ಕೈ ಹಾಕುವ ಡಾಕ್ಟರಲ್ಲ. ಡಾಕ್ಟರು ಕಳಿಸಿದ ಪ್ಲಾಸ್ಟರ್ ಅಚ್ಚನ್ನು ಮುಂದಿಟ್ಟುಕೊಂಡು, ಮೇಣದಲ್ಲಿ ಒಂದೊಂದೇ ಹಲ್ಲು ಕೆತ್ತಿ, ಪೂರ್ತಿ ಸೆಟ್ಟನ್ನು ಸಿದ್ಧಮಾಡಿಕೊಡುವ ಲ್ಯಾಬಿನ ಕುಶಲಕರ್ಮಿ. ನಾಲ್ಕು ವರ್ಷದ ಓದು, ಅದಕ್ಕೆ ಸಾಲ, ಸಾಲಕ್ಕೆ ಅಮ್ಮನ ಜಾಮೀನು. ಅಪ್ಪ ತೀರಿಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು. ಅಮ್ಮ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ದಿನವಿಡೀ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಜಾಮೀನು ಪತ್ರಕ್ಕೆ ಸಹಿ ಹಾಕುವಾಗ, "ಅವಳ ಕೈ ಚಿನ್ನದಂಥ ಕೈ ಸಾರ್, ಎರಡೇ ವರ್ಷದಲ್ಲಿ ತೀರಿಸ್ತಾಳೆ" ಎಂದು ಹೇಳಿದ್ದರು.

ಮೂರನೆಯ ವರ್ಷದ ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಆ ಕೈಯೇ ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ಬೆರಳಿನ ಗೆಣ್ಣುಗಳೆಲ್ಲ ಊದಿ ಕೆಂಪಗಾಗಿದ್ದವು. ಆಮೇಲೆ ಮಣಿಕಟ್ಟು, ಮೊಣಕಾಲು. ದೇಹ ತನ್ನ ಕೀಲುಗಳನ್ನು ತಾನೇ ತಿನ್ನುವ ಕಾಯಿಲೆ, ಹತೋಟಿಯಲ್ಲಿಡಬಹುದು, ವಾಸಿಯಾಗುವುದಿಲ್ಲ ಎಂದರು ಡಾಕ್ಟರು. ಒಂದು ದಿನ ಎಲ್ಲರಂತೆ ನಡೆದಾಡುವಳು. ಮರುದಿನ ಲೋಟ ಎತ್ತಲು ಎರಡು ಕೈ ಬೇಕು. ಹಾಗಿದ್ದೂ ಓದು ಮುಗಿಸಿದಳು, ಹಲ್ಲು ಕಚ್ಚಿಕೊಂಡೇ. ಒಂದು ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ಮೊದಲು ಎಂಟು ಗಂಟೆ, ಆಮೇಲೆ ಐದು, ಈಗ ಮೂರು. ಲ್ಯಾಬಿನ ಯಜಮಾನ ಒಳ್ಳೆಯವನೇ, ಆದರೆ ಹಲ್ಲೊಂದಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಕೊಡುವವನು. ಬರುತ್ತಿದ್ದ ಹಣ ಮಾತ್ರೆ, ಸೂಜಿಮದ್ದಿಗೆ ಸರಿಹೋಗುತ್ತಿತ್ತು.

ಮೂವತ್ತೆಂಟು ಬಂದದ್ದು ಹೇಗೆಂದು ಅವಳಿಗೆ ಗೊತ್ತಿತ್ತು. ತಪಾಸಣೆಯ ದಿನ ಕೈ ಹಗುರವಾಗಿತ್ತು. ಹತ್ತೇ ನಿಮಿಷ ನೋಡಿದ್ದರು. "ಮುಷ್ಟಿ ಕಟ್ಟಿ, ಬಿಡಿ. ಈ ಗುಂಡಿ ಹಾಕಿ, ತೆಗೀರಿ. ಕೆಲಸಕ್ಕೆ ಹೋಗ್ತೀರಾ?" ಕಡ್ಡಿ ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಅದೇ ಕುತ್ತಾಯಿತು. ಮಾಸಾಶನದ ಕಚೇರಿಯಲ್ಲಿ, "ಮೂರು ಗಂಟೆ ಕೆಲಸ ಮಾಡ್ತೀರಲ್ಲ, ಮತ್ಯಾಕೆ ಮಾಸಾಶನ?" ಎಂದರು. ಸಾಲದ ಕಚೇರಿಯಲ್ಲಿ, "ಮೂರೇ ಗಂಟೆ ಯಾಕೆ, ಎಂಟು ಗಂಟೆ ಮಾಡಿ ಕಂತು ಕಟ್ಟಿ" ಎಂದರು. ಅತ್ತ ದರಿ, ಇತ್ತ ಪುಲಿ.

ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿದ ದಿನವೇ ಅವರು ಬಂದು ಕುರ್ಚಿ ಎಳೆದುಕೊಂಡು ಕೂತರು. ಅಮ್ಮನ ತಂಗಿ, ಲೋಕ ಕಂಡವರು.

"ನೋಡು, ಅಳೋ ಮಗುವಿಗೇ ಹಾಲು. ಮೇಲ್ಮನವಿ ಹಾಕು. ಆ ದಿನ ಮಾತ್ರೆ ತಗೋಬೇಡ. ಗಾಲಿಕುರ್ಚಿ ನಾನು ತರ್ಸ್ತೀನಿ. ತಲೆ ಬಾಚ್ಕೋಬೇಡ, ಮಾತಾಡ್ಸಿದ್ರೆ ನರಳು. ಸ್ವಲ್ಪ ಹಲ್ಲು ಗಿಂಜಿದ್ರೆ ಏನು ಗಂಟು ಹೋಗುತ್ತೆ?"

"ಹಲ್ಲು ಮಾಡೋದು ಕಲ್ತಿದೀನಿ ಚಿಕ್ಕಮ್ಮ, ಗಿಂಜೋದು ಕಲ್ತಿಲ್ಲ. ಇಲ್ಲದ ನೋವು ತೋರಿಸಿದ್ರೆ ಇರೋ ನೋವೂ ಸುಳ್ಳಾಗುತ್ತೆ."

"ಜಂಭಕ್ಕೇನೂ ಕಡಿಮೆ ಇಲ್ಲ" ಎಂದು ಚಿಕ್ಕಮ್ಮ ಅಕ್ಕನ ಕಡೆ ನೋಡಿದರು.

ಕಡ್ಡಿಗೆ ಮೇಲ್ಮನವಿಯ ಉಸಾಬರಿಯೂ ಬೇಡವೆನಿಸಿತ್ತು. ಸರದಿಯಲ್ಲಿ ನಿಂತು ನಿಂತು ಮೊಣಕಾಲು ಸೋತಿದ್ದವು. ಅವಳನ್ನು ಎಬ್ಬಿಸಿದ್ದು ಒಂದು ಫೋನು. ಒಂದು ಭಾನುವಾರ ಮಧ್ಯಾಹ್ನ ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಪಿಸುದನಿಯಲ್ಲಿ ಮಾತಾಡುತ್ತಿದ್ದರು. "ಹೌದು ಸಾರ್. ತಪ್ಪಾಯ್ತು ಸಾರ್. ಸಂಬಳದಲ್ಲಿ ಹಿಡ್ಕೊಳ್ಳಿ ಸಾರ್, ಆದ್ರೆ ಆಸ್ಪತ್ರೆಗೆ ಫೋನ್ ಮಾಡ್ಬೇಡಿ, ಮೇಲಿನವರು ಬೈತಾರೆ."

ಕಡ್ಡಿ ಬಾಗಿಲು ತಳ್ಳಿದಳು. "ಯಾರು?"

"ಸಾಲದವರು. ಜಾಮೀನು ನಿಂತೋರ ಸಂಬಳದಲ್ಲಿ ಮೂರನೇ ಒಂದು ಪಾಲು ಮುರೀತಾರಂತೆ."

"ಎಷ್ಟು ದಿನದಿಂದ ಫೋನ್ ಮಾಡ್ತಿದಾರೆ?"

ಅಮ್ಮ ಒಲೆಯ ಕಟ್ಟೆ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ನಾಲ್ಕು ತಿಂಗಳಾಯ್ತು."

"ಏನು ತಪ್ಪು ಮಾಡಿದೀಯ ಅಂತ ತಪ್ಪಾಯ್ತು ಅಂದೆ?"

ಐವತ್ತಾರರ ಹೆಂಗಸು, ಜೀವಮಾನದಲ್ಲಿ ಒಬ್ಬರ ಒಂದು ಕಾಸು ಮುಟ್ಟಿದವರಲ್ಲ, ಮಗಳ ಕೀಲು ಊದಿದ್ದಕ್ಕೆ ಯಾರೋ ಕಾಣದವನ ಕ್ಷಮೆ ಕೇಳಿದ್ದರು. ಕಡ್ಡಿ ಮರುದಿನವೇ ಮಾಸಾಶನದ ಕಚೇರಿಗೆ ಹೋಗಿ ನಿಯಮಗಳ ಪುಸ್ತಕ ಕೇಳಿದಳು. ಅಲ್ಲಿನ ಗುಮಾಸ್ತ, "ಅದನ್ನ ಯಾರೂ ಓದಲ್ಲ ಮೇಡಂ" ಎಂದು ಧೂಳು ಹೊಡೆದು ಕೊಟ್ಟ.

ತೊಂಬತ್ತು ಪುಟ. ಬೆರಳು ಹಾಳೆ ತಿರುಗಿಸದ ದಿನ ಪೆನ್ಸಿಲಿನ ರಬ್ಬರಿನಿಂದ ತಿರುಗಿಸಿ ಓದಿದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ವಾಕ್ಯಗಳೇ ಹೆಚ್ಚು. ಆದರೆ ಎಪ್ಪತ್ತೊಂದನೆಯ ಪುಟದ ವಾಕ್ಯ ಹಾಗಿರಲಿಲ್ಲ: ‘ಏರಿಳಿತವುಳ್ಳ ಕಾಯಿಲೆಯಿಂದ ಬಳಲುವವರನ್ನು ಒಂದೇ ಬಾರಿಯ ಪರೀಕ್ಷೆಯಿಂದ ಅಳೆಯತಕ್ಕದ್ದಲ್ಲ. ಅರ್ಜಿದಾರರು ಕೋರಿದಲ್ಲಿ, ತಮ್ಮ ವೃತ್ತಿಯ ಕೆಲಸವನ್ನು ಮಂಡಳಿಯ ಮುಂದೆ ಮಾಡಿ ತೋರಿಸಲು ಸಾಕಷ್ಟು ಕಾಲಾವಕಾಶ ನೀಡತಕ್ಕದ್ದು.’ ಮೇಲ್ಮನವಿಯಲ್ಲಿ ಅವಳು ಬರೆದದ್ದು ಒಂದೇ ಸಾಲು. ನಿಯಮದಂತೆ ಕಾಲಾವಕಾಶ ಕೋರುತ್ತೇನೆ.

ವಿಚಾರಣೆಯ ಕೋಣೆಯಲ್ಲಿ ಮೂವರು ಕೂತಿದ್ದರು: ಅಧ್ಯಕ್ಷರಾಗಿ ನರೆತ ತಲೆಯ ಮೂಳೆ ಡಾಕ್ಟರು, ಅವರ ಎಡಕ್ಕೆ ಒಬ್ಬ ಕಿರಿಯ ಡಾಕ್ಟರಮ್ಮ, ಬಲಕ್ಕೆ ಆಗಾಗ ಗಡಿಯಾರ ನೋಡುವ ಅಧಿಕಾರಿ. ಕಡ್ಡಿ ತಲೆ ಬಾಚಿ, ತೊಳೆದ ಅಂಗಿ ತೊಟ್ಟು ಹೋಗಿದ್ದಳು. ಕುರ್ಚಿಯಲ್ಲಿ ಕೂತು, ಚೀಲದಿಂದ ಮೇಣದ ತುಂಡುಗಳನ್ನೂ ಕೆತ್ತುವ ಸಣ್ಣ ಚಾಕುವನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ಇದೇನಮ್ಮ, ಇದು ವರ್ಕ್‌ಶಾಪ್ ಅಲ್ಲ" ಎಂದ ಅಧಿಕಾರಿ.

"ಎಪ್ಪತ್ತೊಂದನೇ ಪುಟ ಸಾರ್."

ಅಧಿಕಾರಿ ನಿಯಮಗಳ ಪುಸ್ತಕದಲ್ಲಿ ಆ ಪುಟ ತೆಗೆದು ಓದಿದ. ಅಧ್ಯಕ್ಷರ ಕಡೆ ಸರಿಸಿದ. ಅವರೂ ಓದಿದರು. "ಎಷ್ಟು ಹೊತ್ತು ಬೇಕು?"

"ನನ್ನ ಕೆಲಸ ಮೂರು ಗಂಟೆ. ನೀವು ಬೇರೆಯವರನ್ನ ನೋಡ್ತಾ ಇರಿ ಸಾರ್, ನಾನು ಆ ಮೂಲೆಯಲ್ಲಿ ಕೂತ್ಕೋತೀನಿ. ಇನ್ನೊಂದು ಮಾತು. ದಿನಾ ತಗೊಳೋ ಮಾತ್ರೆ ತಗೊಂಡೇ ಬಂದಿದೀನಿ. ಇದು ನನ್ನ ಒಳ್ಳೆ ದಿನ. ಅದನ್ನೂ ಬರ್ಕೊಳ್ಳಿ."

ಡಾಕ್ಟರಮ್ಮ ಬರೆದುಕೊಂಡಳು.

ಮೊದಲನೆಯ ಹಲ್ಲು, ಮೇಲಿನ ಸಾಲಿನ ದವಡೆ ಹಲ್ಲು, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಉಬ್ಬು, ತಗ್ಗು, ನಡುವಿನ ಸಣ್ಣ ಕಾಲುವೆ, ಎಲ್ಲ ಇತ್ತು. ಅಧಿಕಾರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದ. "ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಇನ್ನೇನು ತೊಂದರೆ ನಿಮಗೆ?"

"ಒಂದು ಬಾಯಲ್ಲಿ ಒಂದೇ ಹಲ್ಲಾ ಸಾರ್?"

ಅಧ್ಯಕ್ಷರು ಕೆಮ್ಮಿದರು, ನಕ್ಕದ್ದು ಕಾಣದಿರಲೆಂದು.

ಎರಡನೆಯದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿಗೆ ಒಬ್ಬ ಕುರುಡ ಮುದುಕ, ಮಗುವನ್ನೆತ್ತಿಕೊಂಡ ಒಬ್ಬಳು ತಾಯಿ, ಇನ್ನೂ ಇಬ್ಬರು ಬಂದು ಹೋಗಿದ್ದರು. ಕಡ್ಡಿಯ ಗೆಣ್ಣುಗಳು ಬಿಸಿಯಾಗತೊಡಗಿದ್ದವು. ಅವಳು ತಲೆ ಎತ್ತಲಿಲ್ಲ. ಮೂರನೆಯದು ಕೋರೆಹಲ್ಲು, ಕಾಲೇಜಿನಲ್ಲಿ ಕಣ್ಣು ಮುಚ್ಚಿ ಕೆತ್ತುತ್ತಿದ್ದಂಥದ್ದು. ಚಾಕು ಎರಡು ಸಲ ಜಾರಿತು. ಮೇಣದ ತುದಿ ಮುರಿಯಿತು. ಇನ್ನೊಂದು ತುಂಡು ತೆಗೆದುಕೊಂಡಳು. ನೋವು ಅವಳಿಗೆ ಹೊಸದಲ್ಲ. ಆದರೆ ಆ ಸೊಟ್ಟ ಹಲ್ಲನ್ನು ಪರರ ಮುಂದೆ ಕೆತ್ತುವುದಿತ್ತಲ್ಲ, ಅದು ನೋವಿಗಿಂತ ಹೆಚ್ಚಾಗಿತ್ತು. ಇಷ್ಟು ಕೆಟ್ಟ ಕೆಲಸವನ್ನು ಅವಳು ಯಾರಿಗೂ ತೋರಿಸಿದವಳಲ್ಲ. ಕೆಡಿಸಿ ಎಸೆದುಬಿಡೋಣ ಎನಿಸಿತು. ಎಸೆಯಲಿಲ್ಲ. ಇವರು ನೋಡಬೇಕಾದದ್ದು ಇದನ್ನೇ ಎಂದು ಅಂದುಕೊಂಡು ಕೆತ್ತುತ್ತಲೇ ಇದ್ದಳು.

"ಸಾಕು ನಿಲ್ಲಿಸಿ" ಎಂದಳು ಡಾಕ್ಟರಮ್ಮ.

"ಇನ್ನೂ ಅರ್ಧ ಗಂಟೆ ಇದೆ ಮೇಡಂ."

ಸ್ವಲ್ಪ ಹೊತ್ತಿಗೆ ಕೈ ತಾನಾಗಿಯೇ ನಿಂತಿತು. ಬೆರಳುಗಳು ಚಾಕುವಿನ ಸುತ್ತ ಮಡಚಿಕೊಂಡು ಹಾಗೇ ಬಿಗಿದುಹೋದವು. ಅಧ್ಯಕ್ಷರು ಎದ್ದು ಬಂದರು. ಅವಳ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಒಂದೊಂದೇ ಬೆರಳನ್ನು ಮೆಲ್ಲನೆ ಬಿಡಿಸಿ ಚಾಕು ತೆಗೆದರು. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಬಾಯಿಂದ ಒಂದು ಸದ್ದೂ ಬರಲಿಲ್ಲ. ಅಳತೆಯ ಪಟ್ಟಿ ತರಿಸಿ ಅವರು ಪ್ರತಿ ಕೀಲನ್ನೂ ಮತ್ತೆ ಅಳೆದರು.

"ಇದು ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು?"

"ನಾಳೆ ಮಧ್ಯಾಹ್ನ. ಅಲ್ಲೀವರೆಗೆ ಅಮ್ಮ ತಿನ್ನಿಸ್ತಾರೆ."

"ಹೋದ ಸಲ ಇದೆಲ್ಲ ಯಾಕೆ ಹೇಳಲಿಲ್ಲ?" ಎಂದ ಅಧಿಕಾರಿ. ಈಗ ಅವನ ಕಣ್ಣು ಗಡಿಯಾರದ ಕಡೆ ಇರಲಿಲ್ಲ.

"ಹೋದ ಸಲ ಗುಂಡಿ ಹಾಕು ಅಂದ್ರು, ಹಾಕ್ದೆ. ಹಲ್ಲು ಕೆತ್ತು ಅನ್ನಲಿಲ್ಲ."

ಮೂರು ವಾರಕ್ಕೆ ಹೊಸ ಸರ್ಟಿಫಿಕೇಟು ಬಂತು: ಶೇಕಡ ಐವತ್ತೆರಡು, ಎರಡು ವರ್ಷದ ಅವಧಿಗೆ. ಮಾಸಾಶನ ಎಂದರೆ ಏನು ಮಹಾ, ಮನೆಬಾಡಿಗೆಯ ಅರ್ಧ. ಚಿಕ್ಕಮ್ಮ ಬಂದು, "ಬೀಸೋ ದೊಣ್ಣೆ ತಪ್ಪಿತಲ್ಲ, ಸಾವಿರ ವರ್ಷ ಆಯಸ್ಸು" ಎಂದರು. ಗಾಲಿಕುರ್ಚಿಯ ಮಾತು ಎತ್ತಲಿಲ್ಲ.

ಸಾಲದ ಕಚೇರಿಗೆ ಅಮ್ಮನೂ ಬರಬೇಕಾಯಿತು, ಜಾಮೀನುದಾರರ ಸಹಿಗೆ. ಕೆಲಸದಿಂದ ಎರಡು ಗಂಟೆ ರಜೆ ಕೇಳಿಕೊಂಡು ಸಮವಸ್ತ್ರದಲ್ಲೇ ಬಂದಿದ್ದರು. ಗಾಜಿನ ಹಿಂದಿನ ಹೆಂಗಸು ಫಾರಂ ಒಂದನ್ನು ಸರಿಸಿದಳು. "ಸರ್ಟಿಫಿಕೇಟ್ ಇರೋವರೆಗೂ ಕಂತು ಇಲ್ಲ, ಬಡ್ಡಿ ಇಲ್ಲ, ಜಾಮೀನುದಾರರಿಗೆ ಫೋನ್ ಇಲ್ಲ. ಇಬ್ಬರೂ ಸಹಿ ಮಾಡಿ."

ಅಮ್ಮ ಪೆನ್ನು ತೆಗೆದುಕೊಂಡರು. ಕಡ್ಡಿ ಓದಿದಳು, ಈಗೀಗ ಅವಳು ಎಲ್ಲವನ್ನೂ ಓದುತ್ತಿದ್ದಳು. ‘ಬಾಕಿದಾರಳಾದ ನಾನು ನನ್ನ ತಪ್ಪಿಗಾಗಿ ವಿಷಾದಿಸುತ್ತಾ, ಅನುಕಂಪದ ಆಧಾರದ ಮೇಲೆ ನೀಡಲಾದ ಈ ರಿಯಾಯಿತಿಗೆ ಕೃತಜ್ಞಳಾಗಿದ್ದೇನೆ.’ ಅಮ್ಮನ ಕೈಯಿಂದ ಪೆನ್ನು ತೆಗೆದುಕೊಂಡು, ‘ನನ್ನ ತಪ್ಪಿಗಾಗಿ ವಿಷಾದಿಸುತ್ತಾ’ ಎಂಬುದನ್ನು ಹೊಡೆದು ಹಾಕಿದಳು. ‘ಅನುಕಂಪದ ಆಧಾರದ ಮೇಲೆ’ ಎಂಬುದನ್ನೂ ಹೊಡೆದು, ಮೇಲೆ ಸೊಟ್ಟ ಅಕ್ಷರದಲ್ಲಿ ‘ನಿಯಮದ ಪ್ರಕಾರ’ ಎಂದು ಬರೆದು ಸಹಿ ಹಾಕಿದಳು.

"ಏನ್ ಮಾಡ್ತಿದೀರ? ಅಚ್ಚಾದ ಫಾರಂನಲ್ಲಿ ತಿದ್ದೋ ಹಾಗಿಲ್ಲ. ಹೊಸದು ತಗೊಂಡು ಸರಿಯಾಗಿ ಸಹಿ ಮಾಡಿ."

"ಹೊಸದರಲ್ಲೂ ಇದನ್ನೇ ಹೊಡೀತೀನಿ."

"ಎರಡು ಮಾತಿಗೆ ಯಾಕ್ರೀ ಇಷ್ಟು ಹಟ? ನಿಮ್ಮ ಕೆಲಸ ಆಯ್ತಲ್ಲ." ಆ ಹೆಂಗಸು ಅಮ್ಮನ ಕಡೆ ತಿರುಗಿದಳು, ದೊಡ್ಡವರು ಅರ್ಥಮಾಡಿಕೊಂಡಾರು ಎಂಬಂತೆ. "ನೀವಾದ್ರೂ ಹೇಳಿ ಅಮ್ಮ."

ಅಮ್ಮ ಫಾರಂ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು, ಹೊಡೆದು ಹಾಕಿದ್ದನ್ನೂ ಮೇಲೆ ಬರೆದದ್ದನ್ನೂ ಓದಿದರು. ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತ. ಹಿಂದೆ ಸರದಿಯಲ್ಲಿ ನಿಂತವರು ಗೊಣಗತೊಡಗಿದರು. ಅಮ್ಮ ಈಗ ಏನೆನ್ನುತ್ತಾರೆಂದು ಕಡ್ಡಿಗೂ ಗೊತ್ತಿರಲಿಲ್ಲ.

"ನಾಲ್ಕು ತಿಂಗಳು ನಿಮ್ಮವರು ನನ್ನ ಹತ್ರ ತಪ್ಪಾಯ್ತು ಅನ್ನಿಸಿದ್ರು" ಎಂದರು ಅಮ್ಮ. ದನಿ ಏರಿರಲಿಲ್ಲ. "ಅಷ್ಟು ಸಾಕು. ಅವಳು ಬರೆದಿದ್ದು ಸರಿಯಾಗೇ ಇದೆ. ಮುದ್ರೆ ಹಾಕಿ."

ಆಮೇಲೆ ಕಡ್ಡಿ ಬರೆದದ್ದರ ಕೆಳಗೆ ತಮ್ಮ ಹೆಸರು ಬರೆದು, ಅದರ ಅಡಿಯಲ್ಲಿ ಒಂದು ಗೆರೆ ಎಳೆದರು.

ಹೆಂಗಸು ಒಳಗೆ ಹೋಗಿ ಯಾರನ್ನೋ ಕೇಳಿಬಂದಳು. ಹತ್ತು ನಿಮಿಷ ಹಿಡಿಯಿತು. ಬಂದು ಕೂತು, ಮುದ್ರೆ ಒತ್ತಿ, ಒಂದು ಪ್ರತಿಯನ್ನು ಗಾಜಿನ ಕೆಳಗಿನಿಂದ ತೂರಿಸಿದಳು.

ಹೊರಗೆ ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿತ್ತು. ಅಮ್ಮ ಮಗಳ ಭುಜ ಹಿಡಿದು ಕೂತರು. ಕೆಲಸಕ್ಕೆ ಮರಳಲು ಇನ್ನೂ ಅರ್ಧ ಗಂಟೆ ಇತ್ತು.

"ಎರಡು ವರ್ಷ ಆದ್ಮೇಲೆ ಮತ್ತೆ ಕರೀತಾರಂತಲ್ಲೇ."

"ಕರೀಲಿ."

"ಮತ್ತೆ ಅಳೀತಾರೆ."

"ಅಳೀಲಿ ಅಮ್ಮ. ಆ ಪುಸ್ತಕದಲ್ಲಿ ಇನ್ನೂ ಎಂಬತ್ತೊಂಬತ್ತು ಪುಟ ಇದೆ."